ಜಪಾನಿಗೆ ಹೋಗಿ ಬಂದ ಟೀಚರು ಪೊರಕೆ ಹಿಡಿದದ್ದು

(ನಮ್ಮ ವರದಿಗಾರರಿಂದ)

ಫಾರಿನ್ನಿಗೆ ಹೋಗಿ ಬಂದವರು ಏನು ತರುತ್ತಾರೆ? ಒಂದು ಸೆಂಟು ಬಾಟಲಿ, ನಾಲ್ಕು ಪ್ಯಾಕೆಟ್ ಚಾಕೊಲೇಟು, ಮೂರು ತಿಂಗಳಿಗೆ ಸಾಲುವಷ್ಟು ಜಂಬ. ನಮ್ಮ ಜಿಲ್ಲೆಯ ಸರ್ಕಾರಿ ಹೈಸ್ಕೂಲೊಂದರ ವಿಜ್ಞಾನ ಶಿಕ್ಷಕಿಯೊಬ್ಬರು 2024ರಲ್ಲಿ ಜಪಾನಿಗೆ ಹೋಗಿ ಒಂದು ವಾರ ಇದ್ದು ಬಂದರು. ಅವರು ತಂದದ್ದು ನೆಲ ಒರೆಸುವ ಒಂದು ಬಟ್ಟೆ. ಹಳೇ ಟವೆಲ್ಲನ್ನು ಮಡಚಿ ಸುತ್ತಲೂ ಹೊಲಿಗೆ ಹಾಕಿದ ಒಂದು ಚೌಕ, ಅಷ್ಟೇ. ಅಲ್ಲಿನ ಶಾಲೆಯವರು ಕೇಳಿದ್ದಕ್ಕೆ ನಗುತ್ತಾ ಕೊಟ್ಟರಂತೆ. ಆ ಬಟ್ಟೆಯಿಂದ ಶುರುವಾದ ತಂಟೆ ಈಗ ಶಾಲೆಯ ಎಸ್.ಡಿ.ಎಂ.ಸಿ. ಸಭೆಯವರೆಗೆ ಬಂದಿದೆ.

ಶಿಕ್ಷಕಿಯ ಹೆಸರು, ಊರು ಇಲ್ಲಿ ಬರೆದಿಲ್ಲ. "ಹೆಸರು ಹಾಕ್ಬೇಡ್ರಿ, ಹಾಕಿದ್ರೆ ನಾಳೆ ಬೆಳಿಗ್ಗೆ ಕಾರಣ ಕೇಳಿ ನೋಟಿಸ್ ಬರುತ್ತೆ" ಎಂದು ಮೊದಲೇ ಮಾತು ತೆಗೆದುಕೊಂಡಿದ್ದಾರೆ. ಆದ್ದರಿಂದ ನಮಗೂ ಅವರು ಬರೀ ಟೀಚರು.

ಮೊದಲು ಪ್ರಯಾಣದ ವಿಚಾರ. ಜಪಾನಿನ ವಿಜ್ಞಾನ ಮತ್ತು ತಂತ್ರಜ್ಞಾನ ಏಜೆನ್ಸಿಯವರು 2014ರಲ್ಲಿ 'ಸಕುರ ಸೈನ್ಸ್' ಎಂಬ ವಿನಿಮಯ ಕಾರ್ಯಕ್ರಮ ಶುರು ಮಾಡಿದರು. ಸಕುರ ಎಂದರೆ ಅಲ್ಲಿನ ಚೆರ್ರಿ ಹೂವು. ಭಾರತದ ಮಕ್ಕಳು 2016ರಿಂದ ಹೋಗುತ್ತಿದ್ದಾರೆ. ವಿಮಾನದ ಖರ್ಚು, ಊಟ, ವಸತಿ ಎಲ್ಲ ಅವರದ್ದೇ. ಸರ್ಕಾರಿ ಶಾಲೆಯ ಜಾಣ ಮಕ್ಕಳನ್ನು ಬೇರೆ ಬೇರೆ ರಾಜ್ಯಗಳಿಂದ ಆರಿಸಿ ದೆಹಲಿಯಲ್ಲಿ ಕೂಡಿಸಿ ಕಳಿಸುತ್ತಾರೆ. ಜೊತೆಗೆ ಮೇಲ್ವಿಚಾರಣೆಗೆ ಶಿಕ್ಷಕರು. ಹಾಗೆ ಹೋದವರಲ್ಲಿ ನಮ್ಮ ಟೀಚರೂ ಒಬ್ಬರು.

ವಿನಿಮಯ ಎಂದಮೇಲೆ ಅಲ್ಲಿಯವರೂ ಇಲ್ಲಿಗೆ ಬರಬೇಕಲ್ಲವೇ ಎಂದು ನಾನು ಕೇಳಿದೆ. "ಬಂದ್ರೆ ಮೊದಲು ಬಾತ್‌ರೂಮ್ ಎಲ್ಲಿ ಅಂತ ಕೇಳ್ತಾರ್ರೀ, ಯಾವುದನ್ನ ತೋರಿಸೋಣ?" ಎಂದರು ಟೀಚರು. ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟೆವು.

ಪಾಸ್‌ಪೋರ್ಟಿನ ಪುರಾಣ ಹೇಳಹೊರಟರೆ ಈ ಕಾಲಂ ಸಾಲದು. ಆಧಾರಿನಲ್ಲಿ ಒಂದು ಹೆಸರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನ್ನೊಂದು. ಅದನ್ನು ಸರಿಪಡಿಸುವಷ್ಟರಲ್ಲಿ ಚಪ್ಪಲಿ ಸವೆಯಿತು. ಮನೆಯಲ್ಲಿ ಅತ್ತೆಯವರು ಶೇಂಗಾ ಚಟ್ನಿಪುಡಿ, ಒಂದು ಮೂಟೆ ಖಾರಮಂಡಕ್ಕಿ ಕಟ್ಟಿಕೊಟ್ಟರು. "ಮೂಟೆ ನೋಡಿ ನಾಚಿಕೆ ಆಗಿತ್ತು. ಅಲ್ಲಿ ಅದೇ ಜೀವ ಉಳಿಸ್ತು" ಎನ್ನುತ್ತಾರೆ. ಜಪಾನಿನಲ್ಲಿ ಸಾರಿಗೆ ಬರೀ ತರಕಾರಿ ಹಾಕಿದ್ದರೂ ಅದರ ನೀರು ಒಣಮೀನು ಕುದಿಸಿದ ನೀರೇ ಆಗಿರುವುದುಂಟು. ಸಸ್ಯಾಹಾರಿ ಮಕ್ಕಳು ಅನ್ನ, ಹಣ್ಣು, ಮಂಡಕ್ಕಿಯಲ್ಲಿ ದಿನ ದೂಡಿದರು.

ಅಲ್ಲಿ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಮೊದಲ ದಿನ ಮಕ್ಕಳಿಗೆ ಬೆಳಿಗ್ಗೆ ಏಳಲಾಗದೆ ಟೀಚರು ಬಾಗಿಲು ಬಾಗಿಲಿಗೆ ಹೋಗಿ ಬಡಿದರು. ಟೋಕಿಯೋದಲ್ಲಿ ಮಿರೈಕಾನ್ ಎಂಬ ವಿಜ್ಞಾನ ಮ್ಯೂಸಿಯಂ ಇದೆ, 2001ರಲ್ಲಿ ತೆರೆದದ್ದು. ಅದರ ಹಾಲ್‌ನಲ್ಲಿ ಆರು ಮೀಟರ್ ಅಗಲದ ಒಂದು ಭೂಗೋಳ ತೂಗುಹಾಕಿದ್ದಾರೆ. ಅದರ ಮೈಯೆಲ್ಲಾ ದೀಪದ ಫಲಕ, ಮೋಡಗಳು ಅದರ ಮೇಲೆ ಓಡಾಡುತ್ತವೆ. ಎರಡು ಮಹಡಿ ಎತ್ತರ ಎಂದುಕೊಳ್ಳಿ. ಇಪ್ಪತ್ತು ವರ್ಷದಿಂದ ಕೈಗೋಳ ತಿರುಗಿಸಿ ಹಗಲು ರಾತ್ರಿ ಪಾಠ ಮಾಡಿದ ಟೀಚರು ಅದರ ಕೆಳಗೆ ನಿಂತು ಏನೂ ಮಾತಾಡಲಿಲ್ಲವಂತೆ. ಮಕ್ಕಳು ಮಾತ್ರ "ನಮ್ಮ ದೇಶ ಬಂತು, ನಮ್ಮ ದೇಶ ಬಂತು" ಎಂದು ಕೂಗಿ ಕಾವಲಿನವರು ತಿರುಗಿ ನೋಡುವಂತೆ ಮಾಡಿದರು.

ನಮ್ಮ ಓದುಗರಲ್ಲಿ ಬಸ್ಸಿನಲ್ಲಿ ಓಡಾಡುವವರು ಬಹಳ. ಅವರಿಗಾಗಿ ಒಂದು ಮಾತು. ಟೋಕಿಯೋ ಸ್ಟೇಷನ್ನುಗಳಲ್ಲಿ ಗಾಡಿಯ ಬಾಗಿಲು ಎಲ್ಲಿ ಬರುತ್ತದೆಂದು ನೆಲದ ಮೇಲೆ ಗುರುತು ಹಾಕಿರುತ್ತಾರೆ. ಜನ ಅಲ್ಲೇ ಸಾಲು ನಿಲ್ಲುತ್ತಾರೆ. ಇಳಿಯುವವರು ಇಳಿದ ಮೇಲೆ ಹತ್ತುತ್ತಾರೆ. ಆರೇಳು ವರ್ಷದ ಮಕ್ಕಳು ಬೆನ್ನಿಗೆ ಚೀಲ ಹಾಕಿಕೊಂಡು ಒಬ್ಬೊಬ್ಬರೇ ರೈಲಿನಲ್ಲಿ ಶಾಲೆಗೆ ಹೋಗುತ್ತಾರೆ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆ ಅಲ್ಲಿ ಇನ್ನೂ ಬಂದಿಲ್ಲ. ಅಂಗಡಿಯವರಿಗೂ ಒಂದು ಮಾತು. ಅಲ್ಲಿ ದುಡ್ಡನ್ನು ಕೈಗೆ ಕೊಡುವುದಿಲ್ಲ, ಮುಂದಿಟ್ಟ ಸಣ್ಣ ತಟ್ಟೆಗೆ ಹಾಕುತ್ತಾರೆ. ಚಿಲ್ಲರೆಯೂ ಎಣಿಸಿ ತಟ್ಟೆಯಲ್ಲೇ ವಾಪಸು ಬರುತ್ತದೆ. ಚಿಲ್ಲರೆ ಬದಲು ಚಾಕೊಲೇಟು ಕೊಡುವ ಪದ್ಧತಿ ಇಲ್ಲ.

ಮಧ್ಯಾಹ್ನ ಆದ ಮೇಲೆ ಕಂಡದ್ದು

ಒಂದು ದಿನ ಅಲ್ಲಿನ ಹೈಸ್ಕೂಲಿಗೆ ಭೇಟಿ ಇತ್ತು. ಬಾಗಿಲಲ್ಲೇ ಶೂ ಇಡುವ ಗೂಡುಗಳು, ಒಳಗೆ ಓಡಾಡಲು ಬೇರೆ ಚಪ್ಪಲಿ. ಲ್ಯಾಬು ನೋಡಿದ್ದಾಯಿತು, ಕೈಸನ್ನೆಯ ಇಂಗ್ಲಿಷಿನಲ್ಲಿ ಎರಡೂ ದೇಶದ ಮಕ್ಕಳು ಹರಟಿದ್ದಾಯಿತು. ಕ್ಲಾಸು ಮುಗಿಯುವ ಹೊತ್ತಿಗೆ ಮೈಕಿನಲ್ಲಿ ಒಂದು ಸಂಗೀತ ಬಂತು. ನಮ್ಮವರು ರಾಷ್ಟ್ರಗೀತೆ ಇರಬೇಕೆಂದು ಎದ್ದು ನೆಟ್ಟಗೆ ನಿಂತರು!

ಅದು ಕಸ ಗುಡಿಸುವ ಹೊತ್ತಿನ ಸಂಗೀತ. ಮಕ್ಕಳು ಡೆಸ್ಕುಗಳನ್ನು ಒಂದು ಕಡೆ ಸರಿಸಿದರು, ಪೊರಕೆ ಬಕೆಟ್ಟು ಹೊರಗೆ ಬಂದವು. ಹುಡುಗರು, ಹುಡುಗಿಯರು, ಎಲ್ಲರೂ. ಕೆಲವರು ಮೆಟ್ಟಿಲಿಗೆ, ಕೆಲವರು ಕಾರಿಡಾರಿಗೆ, ಇನ್ನು ಕೆಲವರು ಶೌಚಾಲಯದ ಕಡೆಗೆ. ಹದಿನೈದು ಇಪ್ಪತ್ತು ನಿಮಿಷ. ಅಷ್ಟೊತ್ತೂ ನಗು, ಮಾತು. ಇವರಿಗೆ ಲ್ಯಾಬು ತೋರಿಸಿದ್ದ ಅಲ್ಲಿನ ಮೇಷ್ಟ್ರು ಕೋಟು ತೆಗೆದಿಟ್ಟು, ಮೊಣಕಾಲೂರಿ ನೆಲ ಒರೆಸುತ್ತಿದ್ದರು.

ಆಳುಗಳಿಲ್ಲವೇ ಎಂದು ದುಭಾಷಿಯ ಮೂಲಕ ಕೇಳಲಾಗಿ, ರಿಪೇರಿಗೆ, ತೋಟಕ್ಕೆ ಸಿಬ್ಬಂದಿ ಇದ್ದಾರೆ, ದಿನದ ಕ್ಲೀನಿಂಗು ಮಾತ್ರ ಮಕ್ಕಳದೇ ಎಂಬ ಉತ್ತರ ಬಂತು. ಒಂದನೇ ಕ್ಲಾಸಿನಿಂದ ಹೀಗೇ ಅಂತೆ. 2022ರ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಜಪಾನಿನ ಪ್ರೇಕ್ಷಕರು ಮ್ಯಾಚ್ ಮುಗಿದ ಮೇಲೆ ಚೀಲ ಹಿಡಿದು ಸ್ಟೇಡಿಯಂ ಕಸ ಆರಿಸಿದ್ದನ್ನು ಟಿವಿಯಲ್ಲಿ ನೋಡಿದ್ದೇವಲ್ಲ, ಅದರ ಬೇರು ಇಲ್ಲಿದೆ.

ಇಷ್ಟಕ್ಕೇ ನಿಲ್ಲಿಸಿದರೆ 'ಜಪಾನೀಯರನ್ನು ನೋಡಿ ಕಲಿಯಿರಿ' ಎನ್ನುವ ಹಳೇ ಭಾಷಣ ಆಗುತ್ತದೆ. ಜಪಾನೇನೂ ಸ್ವರ್ಗವಲ್ಲ. ಅಲ್ಲೂ ಚರ್ಮದ ಕೆಲಸ, ಕಸಾಯಿ ಕೆಲಸ ಮಾಡುತ್ತಿದ್ದವರನ್ನು ತಲೆಮಾರುಗಟ್ಟಲೆ ದೂರ ಇಟ್ಟಿದ್ದರು. ಬುರಾಕುಮಿನ್ ಎಂದು ಅವರಿಗೆ ಹೆಸರು. 1871ರಲ್ಲಿ ಸರ್ಕಾರ ಕೀಳು ದರ್ಜೆಗಳನ್ನು ರದ್ದು ಮಾಡಿತು. ಮದುವೆ, ನೌಕರಿಯಲ್ಲಿ ಮನೆತನ ಕೆದಕುವುದು ಹೋಗಲಿಲ್ಲ. 2016ರಲ್ಲಿ ಅದರ ವಿರುದ್ಧ ಮತ್ತೊಂದು ಕಾನೂನು ತರಬೇಕಾಯಿತು. ಇದನ್ನು ನಾನು ಹೇಳಿದಾಗ ಟೀಚರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಪೊರಕೆ ಎಲ್ರೂ ಹಿಡಿದ್ರೂ ಅದು ಹೋಗಲ್ಲ ಅಂತೀರಾ?" ಎಂದರು. ನನಗೆ ಉತ್ತರ ಗೊತ್ತಿರಲಿಲ್ಲ.

ಅವರ ತಲೆ ಕೊರೆದದ್ದು ಬೇರೆ. ವಾಪಸು ಬರುವಾಗ ವಿಮಾನದಲ್ಲಿ ನಿದ್ದೆ ಬರಲಿಲ್ಲ. ಡೈರಿ ತೆಗೆದು, ತಮ್ಮ ಕ್ಲಾಸಿನಲ್ಲಿ ಕಸ ಗುಡಿಸುವ ಮಕ್ಕಳ ಹೆಸರು ಬರೆಯತೊಡಗಿದರು. ನಮ್ಮ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಜವಾನರಿಲ್ಲ, ಮಕ್ಕಳೇ ಗುಡಿಸುವುದು ಎಲ್ಲರಿಗೂ ಗೊತ್ತು. ಒಂಬತ್ತನೇ ಕ್ಲಾಸಿನಲ್ಲಿ ನಲವತ್ತೆರಡು ಮಕ್ಕಳು. ಬರೆಯಲು ಸಿಕ್ಕಿದ್ದು ನಾಲ್ಕು ಹೆಸರು.

"ದಿನಾ ಬೆಳಿಗ್ಗೆ ನಾನು 'ಯಾರಾದ್ರೂ ಕಸಾ ಹೊಡೀರೋ' ಅಂತಿದ್ದೆ. ಯಾರಾದ್ರೂ ಅಂತ. ಯಾವಾಗಲೂ ಎದ್ದು ನಿಲ್ತಿದ್ದೋರು ಆ ನಾಲ್ಕೇ ಹುಡುಗೀರು. ನಾಲ್ಕೂ ಒಂದೇ ಕಾಲೋನಿಯೋರು. ಒಬ್ಬ ಹುಡುಗನೂ ಏಳ್ತಿರಲಿಲ್ಲ. ಹನ್ನೊಂದು ವರ್ಷದಿಂದ ಅದೇ ಸ್ಕೂಲಲ್ಲಿದೀನಿ ರೀ. ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಷ್ಟು ದೂರ ಹೋಗಿ ನೋಡ್ಬೇಕಾಯ್ತು."

ಹೇಳುವಾಗ ಅವರ ದನಿ ಸಣ್ಣಗಾಗಿತ್ತು. ನಾನು ಟೀ ಲೋಟದ ಕಡೆ ನೋಡುತ್ತಾ ಕೂತೆ.

ಸರದಿ ಪಟ್ಟಿ

ಬಂದ ವಾರವೇ ಗೋಡೆಗೆ ಸರದಿ ಪಟ್ಟಿ ಬಿತ್ತು. ದಿನಕ್ಕೆ ಏಳು ಮಕ್ಕಳು, ಅಕಾರಾದಿಯಾಗಿ. ಹುಡುಗ ಹುಡುಗಿ ಎಂಬ ಭೇದವಿಲ್ಲ. ಪಟ್ಟಿಯ ಮೊದಲ ಹೆಸರು ಟೀಚರದ್ದೇ. ಜಪಾನಿನ ಬಟ್ಟೆ ಹಿಡಿದು ಮೊದಲ ದಿನ ನೆಲ ಒರೆಸಿದವರೂ ಅವರೇ. ಕೆಲಸ ಕ್ಲಾಸ್‌ರೂಮು ಮತ್ತು ಜಗಲಿಗೆ ಮಾತ್ರ, ಶೌಚಾಲಯ ಸೇರಿಸಿಲ್ಲ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಸುದ್ದಿ ಓದಿ ಇಡೀ ರಾಜ್ಯ ತಲೆ ತಗ್ಗಿಸಿತ್ತು. ಆಮೇಲೆ ಮಕ್ಕಳಿಂದ ಶೌಚಾಲಯ ತೊಳೆಸಕೂಡದು ಎಂದು ಇಲಾಖೆ ಖಡಕ್ಕಾಗಿ ಹೇಳಿದೆ. ಅದು ಸರಿಯೇ. ಅಲ್ಲಿ ಎಲ್ಲರೂ ತೊಳೆಯುವುದಕ್ಕೂ ಇಲ್ಲಿ ಕೆಲವರಿಂದ ತೊಳೆಸುವುದಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ.

ಮೂರನೇ ದಿನ ಒಬ್ಬ ತಂದೆ ಬಂದರು. ಊರಿನಲ್ಲಿ ಕಿರಾಣಿ ಅಂಗಡಿ ಇಟ್ಟವರು, ಮರ್ಯಾದಸ್ಥರು. "ಏನ್ ಮೇಡಂ, ಸರ್ಕಾರಿ ಸ್ಕೂಲಿಗೆ ಹಾಕಿದೀವಿ ಅಂತ ನಮ್ ಹುಡುಗನ ಕೈಲಿ ಕಸಾ ಹೊಡಿಸ್ತೀರಾ? ಅದಕ್ಕೆ ಬೇರೆಯೋರು ಇಲ್ವಾ?"

"ಬೇರೆಯೋರು ಅಂದ್ರೆ ಯಾರು ಹೇಳ್ರಿ?" ಎಂದರಂತೆ ಟೀಚರು. ಅದಕ್ಕೆ ಅವರು ಉತ್ತರ ಕೊಡಲಿಲ್ಲ. ಎಸ್.ಡಿ.ಎಂ.ಸಿ.ಗೆ ಅರ್ಜಿ ಕೊಟ್ಟರು.

ಎರಡೂ ಕಡೆ ಕೇಳಬೇಕಲ್ಲ, ನಾನು ಅಂಗಡಿಗೂ ಹೋಗಿದ್ದೆ. ಬೆಳಿಗ್ಗೆ ಏಳೂವರೆ. ಯಜಮಾನರು ತಾವೇ ಅಂಗಡಿ ಮುಂದೆ ಕಸ ಗುಡಿಸಿ ನೀರು ಚಿಮುಕಿಸುತ್ತಿದ್ದರು. ನಾನು ನಕ್ಕೆ. ಅವರೂ ನಕ್ಕರು. "ಇದು ಬೇರೆ ಸ್ವಾಮಿ, ಇದು ಲಕ್ಷ್ಮಿ ಬರೋ ಬಾಗ್ಲು" ಎಂದರು. ಸರಸ್ವತಿಯ ಬಾಗಿಲಿನ ಬಗ್ಗೆ ಕೇಳಬೇಕೆನಿಸಿತು, ಕೇಳಲಿಲ್ಲ. ಆ ಹೊತ್ತಿಗೆ ಗಿರಾಕಿ ಬಂದರು. ಗುಡಿಸಿದ ಕಸ ರಸ್ತೆ ಬದಿಗೆ ಬಿತ್ತು.

ಇದು ನಿರೀಕ್ಷಿಸಿದ್ದೇ. ಟೀಚರು ನಿರೀಕ್ಷಿಸದೇ ಇದ್ದದ್ದು ಇನ್ನೊಂದು ಬಂತು. ಆ ನಾಲ್ಕು ಹುಡುಗಿಯರಲ್ಲಿ ಒಬ್ಬಳ ತಾಯಿ ಬಂದರು. ಅವರು ಪೌರಕಾರ್ಮಿಕರು. ನೀವು ಬೆಳಗಿನ ಬಸ್ಸಿಗೆ ಬರುವಷ್ಟರಲ್ಲಿ ಬಸ್ ಸ್ಟ್ಯಾಂಡ್ ರಸ್ತೆ ಚೊಕ್ಕಟವಾಗಿರುತ್ತದಲ್ಲ, ಅದು ಅವರ ಕೈಯಿಂದ. ಅವರೂ ಹೇಳಿದ್ದು ಅದೇ: ನನ್ನ ಮಗಳ ಹೆಸರು ತೆಗೆಯಿರಿ.

ಅವರನ್ನು ನಾನು ಕೆಲಸದ ಜಾಗದಲ್ಲೇ ಕಂಡೆ. ಗುಡಿಸುವುದನ್ನು ನಿಲ್ಲಿಸದೆ ಮಾತಾಡಿದರು. "ಟೀಚರಮ್ಮ ಒಳ್ಳೇರು ಕಣಣ್ಣ, ಅವರೂ ಹಿಡೀತಾರೆ, ಎಲ್ಲಾ ಮಕ್ಕಳೂ ಹಿಡೀತಾರೆ, ಅದೆಲ್ಲಾ ಸರಿ. ಅವರ ಮಕ್ಕಳು ಹಿಡಿದ್ರೆ ಅದು ಪಾಠ. ನಮ್ಮ ಮಕ್ಕಳು ಹಿಡಿದ್ರೆ, ನೋಡು, ಅವರ ಕಸುಬು ಅವರಿಗೆ ಬಂತು ಅಂತಾರೆ. ನಾನು ಐದು ಗಂಟೆಗೆ ಎದ್ದು ಊರು ಗುಡಿಸೋದು ಅವಳು ಗುಡಿಸಬಾರದು ಅಂತ."

ಟೀಚರು ವಾದ ಮಾಡಲಿಲ್ಲ. ಆ ಹೆಸರು ತೆಗೆದರು. ಕಿರಾಣಿ ಅಂಗಡಿಯವರ ಮಗನ ಹೆಸರು ತೆಗೆಯಲಿಲ್ಲ. ಅದು ಪಕ್ಷಪಾತ ಎಂದು ಸ್ಟಾಫ್‌ರೂಮಿನಲ್ಲೇ ಗುಸುಗುಸು ಎದ್ದಿತು. ಪಕ್ಷಪಾತವೇ ಇರಬಹುದು, ನನಗೇನೋ ಟೀಚರು ಮಾಡಿದ್ದು ತಪ್ಪೆನಿಸಲಿಲ್ಲ.

ಎರಡು ದಿನ ಕಳೆದ ಮೇಲೆ ಆ ಹುಡುಗಿಯೇ ಸ್ಟಾಫ್‌ರೂಮಿನ ಬಾಗಿಲಿಗೆ ಬಂದು ನಿಂತಳು. "ಎಲ್ಲರ ಹೆಸರೂ ಐತಿ ಮಿಸ್, ನಂದೊಂದೇ ಯಾಕಿಲ್ಲ?" ಎಂದು ಕೇಳಿದಳು. ನಿಮ್ಮಮ್ಮ ಬೇಡ ಅಂದರು ಎಂದು ಹೇಳಲು ಟೀಚರಿಗೆ ಬಾಯಿ ಬರಲಿಲ್ಲ. ನೋಡೋಣ ಹೋಗು ಎಂದು ಕಳಿಸಿದರು.

ನಾನು ಹೋದ ದಿನ ಪಟ್ಟಿ ಗೋಡೆಯ ಮೇಲಿತ್ತು. ಗುರುವಾರದ ಸಾಲಿನಲ್ಲಿ ಆ ಹುಡುಗಿಯ ಹೆಸರು ಅಳಿಸಿದ ಜಾಗದಲ್ಲಿ 'ಮಿಸ್' ಎಂದು ಪೆನ್ನಿನಲ್ಲಿ ಬರೆದಿತ್ತು. ಬಕೆಟ್ಟಿನ ಅಂಚಿಗೆ ಆ ಬಟ್ಟೆ ಒಣಗಲು ಹಾಕಿದ್ದರು.

ಎಸ್.ಡಿ.ಎಂ.ಸಿ. ಸಭೆ ಬರುವ ಶನಿವಾರ ಬೆಳಿಗ್ಗೆ ಹತ್ತಕ್ಕೆ. ಕಿರಾಣಿ ಅಂಗಡಿಯವರು ನಾಲ್ಕು ಜನರನ್ನು ಕರೆದುಕೊಂಡು ಬರುತ್ತಾರಂತೆ. ಹುಡುಗಿಯ ತಾಯಿಗೂ ಬರಬೇಕೆಂದಿದೆ, ಆದರೆ ಅದು ಡ್ಯೂಟಿಯ ಹೊತ್ತು, ಮೇಸ್ತ್ರಿ ಬಿಟ್ಟರೆ ಮಾತ್ರ.