ವಾಸಸ್ಥಳದ ಆಯ್ಕೆ: ಗಾಳಿ, ಮರ, ಹವೆಗಳ ಲೆಕ್ಕಪರಿಶೋಧನೆ

ಬಹುಪಾಲು ವ್ಯಾಪಾರಸ್ಥ ಕುಟುಂಬಗಳ ಆಸ್ತಿ-ಹೊಣೆ ಪಟ್ಟಿಯಲ್ಲಿ ಅತಿ ದೊಡ್ಡ ಆಸ್ತಿ ಎಂದರೆ ವಾಸದ ಮನೆ. ಅದನ್ನು ಕೊಳ್ಳುವಾಗ ನಾವು ಸಿ.ಟಿ.ಎಸ್. ಉತಾರ, ಋಣಭಾರ ಪ್ರಮಾಣಪತ್ರ, ಎನ್.ಎ. ಆದೇಶ ಮತ್ತು ಮಂಜೂರಾದ ನಕ್ಷೆಗಳನ್ನು ವಕೀಲರಿಂದ ಪರಿಶೀಲಿಸಿಕೊಳ್ಳುತ್ತೇವೆ. ಆದರೆ ಆ ಮನೆಯಲ್ಲಿ ಮುಂದಿನ ಮೂವತ್ತು ವರ್ಷ ಉಸಿರಾಡಬೇಕಾದ ಗಾಳಿ, ತಡೆದುಕೊಳ್ಳಬೇಕಾದ ಬಿಸಿಲು, ದೊರೆಯಬೇಕಾದ ನೆರಳು ಇವುಗಳ ಬಗ್ಗೆ "ಏರಿಯಾ ಚೆನ್ನಾಗಿದೆ" ಎಂಬ ದಲಾಲರ ಮಾತೇ ಅಂತಿಮ ದಾಖಲೆಯಾಗುತ್ತದೆ. ಇವುಗಳನ್ನೂ ಅಂಕಿ-ಅಂಶಗಳ ಆಧಾರದ ಮೇಲೆ, ಲೆಕ್ಕಪತ್ರ ತಪಾಸಣೆಯಷ್ಟೇ ಕ್ರಮಬದ್ಧವಾಗಿ ಪರಿಶೀಲಿಸಲು ಸಾಧ್ಯವಿದೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಉದಾಹರಣೆಗೆ ಅವಳಿ ನಗರವನ್ನೇ ತೆಗೆದುಕೊಳ್ಳೋಣ. "ದುಡಿಮೆಗೆ ಹುಬ್ಬಳ್ಳಿ, ವಾಸಕ್ಕೆ ಧಾರವಾಡ" ಎಂಬುದು ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಅಭಿಪ್ರಾಯ. ಇದರಲ್ಲಿ ಎಷ್ಟು ನಿಜ, ಎಷ್ಟು ನಂಬಿಕೆ?

ಎತ್ತರದ ಲೆಕ್ಕ

ಸಮುದ್ರ ಮಟ್ಟದಿಂದ ಮೇಲೇರಿದಂತೆ ಪ್ರತಿ 1000 ಮೀಟರಿಗೆ ಉಷ್ಣತೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಧಾರವಾಡವು ಹುಬ್ಬಳ್ಳಿಗಿಂತ ಎತ್ತರದಲ್ಲಿರುವುದು ನಿಜ. ಆದರೆ ಆ ಅಂತರ ನೂರು ಮೀಟರಿನ ಆಸುಪಾಸಿನದು. ಅಂದರೆ ಎತ್ತರದಿಂದ ದೊರೆಯುವ ತಂಪು ಮುಕ್ಕಾಲು ಡಿಗ್ರಿಯನ್ನೂ ಮೀರುವುದು ಕಷ್ಟ. ಅದಕ್ಕಿಂತ ಹೆಚ್ಚಿನ ತಂಪು ಅನುಭವಕ್ಕೆ ಬರುತ್ತಿದ್ದರೆ ಅದಕ್ಕೆ ಮರಗಳು, ಕೆರೆಗಳು, ವಿಶ್ವವಿದ್ಯಾಲಯಗಳ ವಿಶಾಲ ಆವರಣಗಳು, ಕಾಂಕ್ರೀಟಿನಿಂದ ಮುಚ್ಚದ ನೆಲ ಹಾಗೂ ಪಶ್ಚಿಮಕ್ಕಿರುವ ಮಲೆನಾಡಿನ ಸಾಮೀಪ್ಯವೇ ಕಾರಣವೆಂದು ತಿಳಿಯಬೇಕು.

ಈ ವ್ಯತ್ಯಾಸ ಮುಖ್ಯವಾದುದು. ಎತ್ತರವು ಸ್ಥಿರಾಸ್ತಿಯಿದ್ದಂತೆ, ಯಾರೂ ಕಸಿದುಕೊಳ್ಳಲಾರರು. ಮರ ಮತ್ತು ತೆರೆದ ನೆಲ ಹಾಗಲ್ಲ. ಅವು ಕ್ಷಯಿಸಬಲ್ಲ ಆಸ್ತಿಗಳು. ಅವಳಿ ನಗರದ ತ್ವರಿತ ಬಸ್ ಸಾರಿಗೆ ಯೋಜನೆಗಾಗಿ ಪಿ.ಬಿ. ರಸ್ತೆಯನ್ನು ಅಗಲಗೊಳಿಸಿದಾಗ ಇಕ್ಕೆಲಗಳ ಹಳೆಯ ಮರಗಳು ಹೋದುದನ್ನು ನಾವೆಲ್ಲರೂ ಕಂಡಿದ್ದೇವೆ. ಆದ್ದರಿಂದ ಊರಿನ ಹೆಸರನ್ನು ನೋಡಿ ತಂಪನ್ನು ಕೊಳ್ಳಲಾಗದು. ಓಣಿಯನ್ನು ನೋಡಿಯೇ ಕೊಳ್ಳಬೇಕು.

ಒಂದು ಓಣಿಯ ಮರಗಳ ಬೆಲೆ

ಹರಿಣಿ ನಾಗೇಂದ್ರ ಮತ್ತು ಅವರ ಸಹಸಂಶೋಧಕರು ಬೆಂಗಳೂರಿನ ರಸ್ತೆಗಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಮಾರ್ಗದರ್ಶಕವಾಗಿದೆ. ಮರಗಳಿದ್ದ ರಸ್ತೆ ಭಾಗಗಳನ್ನು ಮರಗಳಿಲ್ಲದ ಭಾಗಗಳೊಡನೆ ಹೋಲಿಸಿದಾಗ ಮಧ್ಯಾಹ್ನದ ಗಾಳಿಯ ಉಷ್ಣತೆಯಲ್ಲಿ ಗರಿಷ್ಠ 5.6 ಡಿಗ್ರಿ, ಡಾಂಬರಿನ ಮೇಲ್ಮೈ ಉಷ್ಣತೆಯಲ್ಲಿ ಗರಿಷ್ಠ 27.5 ಡಿಗ್ರಿ ಇಳಿಕೆ ಕಂಡುಬಂದಿತು. ಗಂಧಕದ ಡೈಆಕ್ಸೈಡ್ ಪ್ರಮಾಣವೂ ಗರಿಷ್ಠ ಶೇಕಡಾ 65ರಷ್ಟು ಕಡಿಮೆಯಿತ್ತು. ಇವು ಗರಿಷ್ಠ ಅಂಕಿಗಳೇ ಹೊರತು ಸರಾಸರಿಯಲ್ಲ. ಆದರೂ ಎರಡು ಊರುಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ಊರಿನ ಎರಡು ಓಣಿಗಳ ನಡುವಿನ ವ್ಯತ್ಯಾಸ ಹೆಚ್ಚಿರಬಹುದು ಎಂಬುದಕ್ಕೆ ಇಷ್ಟು ಸಾಕು.

ಆದರೆ ಮರವೇ ಸರ್ವಪರಿಹಾರವಲ್ಲ. ಎಲೆಗಳು ಧೂಳನ್ನು ಹಿಡಿದಿಡುತ್ತವೆ, ನಿಜ. ವಾಹನ ದಟ್ಟಣೆಯ ಇಕ್ಕಟ್ಟಾದ ರಸ್ತೆಯಲ್ಲಿ ಮಾತ್ರ ದಟ್ಟ ಹಂದರವು ಹೊಗೆ ಮೇಲೇರದಂತೆ ತಡೆಯುವುದೂ ಉಂಟು. ಹೊಗೆಯ ಮೂಲದಿಂದ ದೂರವಿರುವುದು ಮೊದಲ ರಕ್ಷಣೆ, ಮರ ಎರಡನೆಯದು.

ಗಾಳಿಯ ಅಂಕಿ-ಅಂಶ ಓದುವ ಬಗೆ

ವಾಯು ಗುಣಮಟ್ಟದ ಚರ್ಚೆಯಲ್ಲಿ ಪದೇ ಪದೇ ಬರುವ ಎರಡು ಅಳತೆಗಳು ಪಿ.ಎಂ. 10 ಮತ್ತು ಪಿ.ಎಂ. 2.5. ಮೊದಲನೆಯದು 10 ಮೈಕ್ರಾನ್ ಹಾಗೂ ಅದಕ್ಕಿಂತ ಸಣ್ಣ ಕಣಗಳು. ರಸ್ತೆಯ ಧೂಳು ಮತ್ತು ಕಟ್ಟಡ ಕಾಮಗಾರಿ ಇದರ ಮುಖ್ಯ ಮೂಲಗಳು. ಎರಡನೆಯದು ಇನ್ನೂ ಸೂಕ್ಷ್ಮವಾದ ಕಣಗಳು. ಹೊಗೆಯಿಂದ ಹೆಚ್ಚಾಗಿ ಬರುವ ಇವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. 2009ರ ರಾಷ್ಟ್ರೀಯ ಮಾನದಂಡದಂತೆ ಪಿ.ಎಂ. 10ರ ವಾರ್ಷಿಕ ಸರಾಸರಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ಪಿ.ಎಂ. 2.5ರದು 40 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿ.ಎಂ. 2.5ಕ್ಕೆ ಸೂಚಿಸಿದ ವಾರ್ಷಿಕ ಮಿತಿ ಕೇವಲ 5 ಮೈಕ್ರೋಗ್ರಾಂ. ಆದ್ದರಿಂದ "ಮಾನದಂಡದ ಒಳಗಿದೆ" ಎಂದರೆ "ಅಪಾಯವಿಲ್ಲ" ಎಂದು ಅರ್ಥವಲ್ಲ.

2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ಬೆಂಗಳೂರು, ದಾವಣಗೆರೆ, ಕಲಬುರಗಿ ಮತ್ತು ಹುಬ್ಬಳ್ಳಿ-ಧಾರವಾಡಗಳನ್ನು ಮಾನದಂಡ ತಲುಪದ ನಗರಗಳೆಂದು ಸೇರಿಸಲಾಯಿತು. ಇಲ್ಲಿ ಧಾರವಾಡವೂ ಹುಬ್ಬಳ್ಳಿಯ ಜೊತೆಗೇ ಇದೆ ಎಂಬುದನ್ನು ಗಮನಿಸಬೇಕು.

ದಿನನಿತ್ಯದ ವಾಯು ಗುಣಮಟ್ಟ ಸೂಚ್ಯಂಕವನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ "ಸಮೀರ್" ಆ್ಯಪ್‌ನಲ್ಲಿ ನೋಡಬಹುದು. ಸೂಚ್ಯಂಕ 50ರವರೆಗೆ ಉತ್ತಮ, 100ರವರೆಗೆ ತೃಪ್ತಿಕರ, 200ರವರೆಗೆ ಮಧ್ಯಮ, ಅದರಾಚೆ ಕಳಪೆ. ಒಂದು ದಿನದ ಅಂಕಿ ಒಂದು ದಿನದ ನಗದು ಶಿಲ್ಕಿನಂತೆ. ಅದರಿಂದ ವ್ಯವಹಾರದ ಸ್ಥಿತಿ ತಿಳಿಯದು. ಮಳೆ ಗಾಳಿಯನ್ನು ತೊಳೆಯುವುದರಿಂದ ಜುಲೈನ ಅಂಕಿ ಎಲ್ಲೆಡೆಯೂ ಚೆನ್ನಾಗಿಯೇ ಇರುತ್ತದೆ. ಚಳಿಗಾಲದ ಮುಂಜಾವಿನಲ್ಲಿ ತಣ್ಣಗಿನ ಗಾಳಿ ನೆಲಕ್ಕಂಟಿ ನಿಂತು ಧೂಳು-ಹೊಗೆ ಮೇಲೇರುವುದಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಅಂಕಿಗಳನ್ನು ನೋಡಿದವನೇ ಲೆಕ್ಕ ನೋಡಿದವನು. ಮಾಪನ ಕೇಂದ್ರ ನಿಮ್ಮ ಓಣಿಯಲ್ಲಿ ಇರುವುದಿಲ್ಲವಾದ್ದರಿಂದ ಸ್ಥಳ ಪರಿಶೀಲನೆಯೂ ಅನಿವಾರ್ಯ.

ಸ್ಥಳ ಪರಿಶೀಲನೆಯ ಅಂಶಗಳು

1. ಹೆದ್ದಾರಿ ಅಥವಾ ಮುಖ್ಯ ರಸ್ತೆಯಿಂದ ದೂರ. ವಾಹನದ ಹೊಗೆಯ ಸಾಂದ್ರತೆ ರಸ್ತೆಯಂಚಿನಲ್ಲಿ ಅತಿ ಹೆಚ್ಚಿದ್ದು, ಸುಮಾರು 150ರಿಂದ 300 ಮೀಟರ್ ಒಳಗೆ ಸರಿದಂತೆ ಗಣನೀಯವಾಗಿ ತಗ್ಗುತ್ತದೆ. ರಸ್ತೆಗೆ ಮುಖಮಾಡಿದ ನಿವೇಶನ ಅಂಗಡಿಗೆ ಲಾಭ. ಮಲಗುವ ಕೋಣೆಗೆ ನಷ್ಟ.

2. ಗಾಳಿಯ ದಿಕ್ಕು. ನಮ್ಮ ಭಾಗದಲ್ಲಿ ಮುಂಗಾರಿನಲ್ಲಿ ಗಾಳಿ ಪಶ್ಚಿಮ-ನೈಋತ್ಯದಿಂದ, ಚಳಿಗಾಲದಲ್ಲಿ ಹೆಚ್ಚಾಗಿ ಪೂರ್ವದ ಕಡೆಯಿಂದ ಬೀಸುತ್ತದೆ. ಮಾಲಿನ್ಯ ಹೆಚ್ಚಿರುವುದು ಚಳಿಗಾಲದಲ್ಲಿ. ಆದ್ದರಿಂದ ಜಲ್ಲಿ ಕ್ರಷರ್, ಇಟ್ಟಿಗೆ ಭಟ್ಟಿ, ಕೈಗಾರಿಕಾ ವಸಾಹತು ಅಥವಾ ಕಸದ ರಾಶಿ ಮನೆಯ ಪೂರ್ವಕ್ಕೆ ಇದೆಯೇ ಎಂದು ಮೊದಲು ನೋಡಬೇಕು.

3. ಖಾಲಿ ನಿವೇಶನಗಳು. ಹೊಸ ಬಡಾವಣೆಯ ಖಾಲಿ ಜಾಗದಲ್ಲಿ ಬೆಳೆಯುವ ಪಾರ್ಥೇನಿಯಂ, ಆಡುಮಾತಿನ ಕಾಂಗ್ರೆಸ್ ಕಸ, ಚರ್ಮದ ಹಾಗೂ ಉಸಿರಾಟದ ಅಲರ್ಜಿಗೆ ಕಾರಣವಾಗುತ್ತದೆ. ಅರ್ಧ ತುಂಬಿದ ಬಡಾವಣೆ ಎಂದರೆ ಇನ್ನೂ ಹಲವು ವರ್ಷ ಕಟ್ಟಡ ಕಾಮಗಾರಿಯ ಧೂಳು ಎಂದೂ ಅರ್ಥ.

4. ಮರ ಯಾರ ಜಾಗದಲ್ಲಿದೆ? ಕಾಂಪೌಂಡಿನೊಳಗಿನ ಬೇವು, ಹೊಂಗೆ, ಮಾವು ನಿಮ್ಮವು. ರಸ್ತೆಯಂಚಿನ ಮರ ನಿಮ್ಮದಲ್ಲ. ನಗರಾಭಿವೃದ್ಧಿ ಪ್ರಾಧಿಕಾರದ ಮಹಾಯೋಜನೆಯಲ್ಲಿ ಆ ರಸ್ತೆಗೆ ಎಷ್ಟು ಅಗಲ ಪ್ರಸ್ತಾಪಿಸಿದೆ ಎಂಬುದನ್ನು ನೋಡಿದರೆ ಆ ನೆರಳಿನ ಆಯುಷ್ಯ ತಿಳಿಯುತ್ತದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ, ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. ಆದರೆ ಸಾರ್ವಜನಿಕ ಕಾಮಗಾರಿಗೆ ಅನುಮತಿ ದೊರೆಯುತ್ತದೆ ಎಂಬುದು ಅನುಭವ.

5. ನೆಲ. ಹುಬ್ಬಳ್ಳಿಯ ಪೂರ್ವಕ್ಕೆ ಎರೆಭೂಮಿ. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು, ಮಳೆಗಾಲದಲ್ಲಿ ಉಬ್ಬುವುದರಿಂದ ಬುನಾದಿಯ ವೆಚ್ಚವನ್ನು ಪ್ರತ್ಯೇಕವಾಗಿ ಅಂದಾಜಿಸಬೇಕು.

ರೂಪಾಯಿಯ ಲೆಕ್ಕ, ಉಸಿರಿನ ಲೆಕ್ಕ

ಕಾಲ್ಪನಿಕ ಅಂಕಿಗಳಿಂದ ಒಂದು ತುಲನೆ ಮಾಡೋಣ. ಬೇಸಿಗೆಯ 90 ದಿನ ಎರಡು ಕೋಣೆಗಳಲ್ಲಿ ಏರ್‌ಕಂಡೀಷನರ್ ದಿನಕ್ಕೆ 8 ಗಂಟೆ ನಡೆದು, ಪ್ರತಿಯೊಂದೂ ಗಂಟೆಗೆ 1.2 ಯೂನಿಟ್ ಬಳಸಿದರೆ ಒಟ್ಟು 1,728 ಯೂನಿಟ್. ಯೂನಿಟ್‌ಗೆ 7 ರೂ.ನಂತೆ ಸುಮಾರು 12,000 ರೂ. ತಂಪಾದ ಸ್ಥಳದಲ್ಲಿ ಇದು ಪೂರ್ಣ ಉಳಿಯಿತೆಂದೇ ಇಟ್ಟುಕೊಳ್ಳೋಣ. ಈಗ ಧಾರವಾಡದಿಂದ ಹುಬ್ಬಳ್ಳಿಯ ಅಂಗಡಿಗೆ ನಿತ್ಯ 40 ಕಿ.ಮೀ., ವರ್ಷಕ್ಕೆ 300 ದಿನ: 12,000 ಕಿ.ಮೀ. ಲೀಟರಿಗೆ 15 ಕಿ.ಮೀ. ಓಡುವ ಕಾರಿಗೆ 800 ಲೀಟರ್. ಲೀಟರಿಗೆ 100 ರೂ. ಎಂದು ಹಿಡಿದರೆ 80,000 ರೂ. ದಿನಕ್ಕೆ ಒಂದೂವರೆ ಗಂಟೆಯಂತೆ 450 ಗಂಟೆ ರಸ್ತೆಯ ಮೇಲೆ, ಅದೂ ಹೊಗೆ ಹೆಚ್ಚಿರುವ ಜಾಗದಲ್ಲಿ. "ಚಿಗರಿ" ಬಸ್ಸಿನಲ್ಲಿ ಸಂಚರಿಸಿದರೆ ಖರ್ಚು ಬಹಳಷ್ಟು ಇಳಿಯುವುದಾದರೂ ವೇಳೆ ಉಳಿಯದು.

ಅಂದರೆ ತಂಪಾದ ವಾಸಸ್ಥಳ ರೂಪಾಯಿಯಲ್ಲಿ ತನ್ನ ಖರ್ಚನ್ನು ತಾನೇ ತೂಗಿಸಿಕೊಳ್ಳದು. ಅದರ ಲಾಭ ಆರೋಗ್ಯದ ಖಾತೆಯಲ್ಲಿದೆ. ಆ ಲಾಭ ಯಾರಿಗೆ ಎಂಬುದನ್ನು 24 ಗಂಟೆಗಳ ಲೆಕ್ಕದಿಂದ ಅರಿಯಬೇಕು. ಮನೆಯಲ್ಲಿ ವೃದ್ಧ ತಂದೆ-ತಾಯಿ, ಚಿಕ್ಕ ಮಕ್ಕಳು, ಉಬ್ಬಸದ ರೋಗಿಗಳು ದಿನದ ಇಪ್ಪತ್ತು ಗಂಟೆ ಕಳೆಯುವುದಾದರೆ ಒಳ್ಳೆಯ ಗಾಳಿಗೆ ತೆತ್ತ ಹಣ ಸಾರ್ಥಕ. ಬೆಳಗ್ಗೆ ಒಂಬತ್ತಕ್ಕೆ ಹೊರಟು ರಾತ್ರಿ ಹತ್ತಕ್ಕೆ ಮರಳುವ ದಂಪತಿಗಳಷ್ಟೇ ಇದ್ದರೆ, ಧಾರವಾಡದ ಮುಖ್ಯ ರಸ್ತೆಯ ಮೇಲಿನ ಮನೆಗಿಂತ ಹುಬ್ಬಳ್ಳಿಯಲ್ಲೇ ಒಳಗಿನ, ಮರಗಳುಳ್ಳ ಓಣಿಯ ಮನೆ ಮೇಲು.

ಕಾನೂನು ಕೊಡುವ ಕಾಲಾವಕಾಶ

ಹಳೆಯ ಮನೆ ಮಾರಿದ ಹಲವರು ಬಂಡವಾಳ ಲಾಭದ ತೆರಿಗೆಗೆ ಅಂಜಿ, ಎರಡು ತಿಂಗಳಲ್ಲಿ ಸಿಕ್ಕ ಮನೆಯನ್ನು ಕೊಂಡುಬಿಡುತ್ತಾರೆ. ಇದರ ಅಗತ್ಯವಿಲ್ಲ. ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬವು 24 ತಿಂಗಳಿಗಿಂತ ಹೆಚ್ಚು ಕಾಲ ಹೊಂದಿದ್ದ ವಾಸದ ಮನೆಯನ್ನು ಮಾರಿದಾಗ, ಮಾರಾಟದ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ ಮನೆ ಕೊಂಡರೆ, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಿದರೆ ವಿನಾಯಿತಿ ದೊರೆಯುತ್ತದೆ. ಇದಕ್ಕೆ 10 ಕೋಟಿ ರೂ.ಗಳ ಮಿತಿಯಿದೆ. ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಬಳಕೆಯಾಗದ ಮೊತ್ತವನ್ನು 1988ರ ಬಂಡವಾಳ ಲಾಭ ಖಾತೆ ಯೋಜನೆಯಡಿ ಬ್ಯಾಂಕಿನಲ್ಲಿ ಠೇವಣಿ ಇಡಬೇಕು.

ಈ ಅವಧಿಯಲ್ಲಿ ಮೆಚ್ಚಿದ ಬಡಾವಣೆಯಲ್ಲೇ ಒಂದು ವರ್ಷ ಬಾಡಿಗೆಗೆ ಇರಬಹುದು. ಮೇ ತಿಂಗಳ ಮಧ್ಯಾಹ್ನ, ಜುಲೈನ ಮಳೆ, ಜನವರಿಯ ಮುಂಜಾವು ಮೂರನ್ನೂ ಕಂಡು ಕೊಳ್ಳಲು ಕಾಲ ಉಳಿಯುತ್ತದೆ. ಅವಸರದ ತಪ್ಪಿಗೆ ಬೆಲೆಯೂ ಇದೆ: ಹೊಸ ಮನೆಯನ್ನು ಮೂರು ವರ್ಷದೊಳಗೆ ಮಾರಿದರೆ, ಹಿಂದೆ ವಿನಾಯಿತಿ ಪಡೆದ ಲಾಭವನ್ನು ಅದರ ಕೊಂಡ ವೆಚ್ಚದಿಂದ ಕಳೆಯಲಾಗುವುದರಿಂದ ಬಿಟ್ಟುಹೋದ ತೆರಿಗೆ ಹೊರೆ ಮರಳಿ ಬರುತ್ತದೆ. ಉಸಿರು ಕಟ್ಟುವ ಮನೆಯಿಂದ ಹೊರಬರುವುದೂ ಆಗ ದುಬಾರಿ.

ಉತಾರದಲ್ಲಿ ಗಾಳಿಯ ನಮೂದಿಲ್ಲ. ಕ್ರಯಪತ್ರದಲ್ಲಿ ನೆರಳಿನ ಭರವಸೆಯಿಲ್ಲ. ಆ ಎರಡು ಕಲಮುಗಳನ್ನು ಕೊಳ್ಳುವವರೇ ತುಂಬಿಕೊಂಡು, ಬಳಿಕ ಮುಂಗಡ ಕೊಡುವುದು ಕ್ಷೇಮ.