ವೇಗಸಂವೇದಕದ ದೋಷನಿದಾನ

ಕ್ಲಚ್ಚಿನ ಪೆಡಲಿಲ್ಲದ ಕಾರನ್ನು ಕೊಂಡವನು ತನ್ನ ಎಡಗಾಲಿಗೆ ವಿಶ್ರಾಂತಿಯನ್ನು ದೊರಕಿಸಿಕೊಂಡನೆಂದು ಜನ ಹೇಳುವುದುಂಟು. ವಾಸ್ತವದಲ್ಲಿ ಅವನು, ಕಾಲಿನ ಶ್ರಮದೊಡನೆ, ಅದುವರೆಗೆ ಕಣ್ಣು ಕಿವಿಗಳ ನೆರವಿನಿಂದ ತನಗರಿವಿಲ್ಲದಂತೆಯೇ ಮಾಡುತ್ತಿದ್ದ ಒಂದು ನಿರ್ಣಯವನ್ನೂ ಯಂತ್ರಕ್ಕೆ ಒಪ್ಪಿಸಿರುತ್ತಾನೆ. ಇಂಜಿನ್ನಿನ ಧ್ವನಿ ಏರಿತು, ಗಾಡಿ ಸಾಕಷ್ಟು ಓಟ ಹಿಡಿಯಿತು, ಇನ್ನು ಎರಡನೆಯ ಗೇರಿನಿಂದ ಮೂರನೆಯದಕ್ಕೆ ಹೋಗಬಹುದು ಎಂಬುದನ್ನು ನುರಿತ ಚಾಲಕನು ಯಾವುದನ್ನು ಕೇಳಿ, ಯಾವುದನ್ನು ನೋಡಿ ನಿಶ್ಚಯಿಸುತ್ತಿದ್ದನೋ, ಅದನ್ನು ಗ್ರಹಿಸಲು ಯಂತ್ರಕ್ಕೂ ಒಂದು ಇಂದ್ರಿಯ ಬೇಕು. ಆ ಇಂದ್ರಿಯವೇ ವೇಗಸಂವೇದಕ. ಗ್ಯಾರೇಜಿನವರ ಮಾತಿನಲ್ಲಿ ಸ್ಪೀಡ್ ಸೆನ್ಸರ್. ಗೇರುಪೆಟ್ಟಿಗೆಯ ಹೊರಮೈಯಲ್ಲಿ, ಎಣ್ಣೆ ಧೂಳುಗಳ ನಡುವೆ, ಯಾರ ಕಣ್ಣಿಗೂ ಬೀಳದಂತೆ ಕುಳಿತಿರುವ ಈ ಚಿಕ್ಕ ವಸ್ತುವು ಕೆಟ್ಟಾಗ ಕಾರು ತೋರುವ ವಿಕಾರಗಳು ಗೇರುಪೆಟ್ಟಿಗೆಯೇ ಹಾಳಾಯಿತೆಂಬ ಭ್ರಾಂತಿಯನ್ನು ಹುಟ್ಟಿಸುವಷ್ಟು ತೀವ್ರವಾಗಿರುವುದರಿಂದ, ಅಲ್ಪಬೆಲೆಯ ಬಿಡಿಭಾಗವೊಂದರ ದೋಷಕ್ಕಾಗಿ ಇಡೀ ಗೇರುಪೆಟ್ಟಿಗೆಯನ್ನು ಇಳಿಸಿ ಬಿಚ್ಚಿಸುವ ಅನರ್ಥವು ಸಂಭವಿಸಬಹುದು. ಆದುದರಿಂದ ಕಾರಿನ ಒಡೆಯರು, ತಾವಾಗಿ ಸ್ಪ್ಯಾನರ್ ಹಿಡಿಯದವರಾದರೂ, ಈ ದೋಷವನ್ನು ಪತ್ತೆಮಾಡುವ ಕ್ರಮವನ್ನು ಅರಿತಿರುವುದು ಅವಶ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ.

ವೇಗವನ್ನಳೆಯುವ ಉಪಾಯಗಳು ಹಳೆಯವೇ. ಜರ್ಮನಿಯ ಆಟೋ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ಸ್ಪೀಡೋಮೀಟರಿನಲ್ಲಿ, ತಂತಿಯ ಕೇಬಲ್ಲಿನಿಂದ ತಿರುಗುವ ಅಯಸ್ಕಾಂತವು ತನ್ನ ಸುತ್ತಣ ಲೋಹದಲ್ಲಿ ಸುಳಿಪ್ರವಾಹವನ್ನು ಹುಟ್ಟಿಸಿ, ಅದರ ಸೆಳೆತದಿಂದಲೇ ಸೂಜಿಯನ್ನು ತಿರುಗಿಸುತ್ತಿತ್ತು. ಜನರಲ್ ಮೋಟರ್ಸ್ ಸಂಸ್ಥೆಯು 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರುಗಳಿಗಾಗಿ 1939ರಲ್ಲಿ ಹೊರತಂದ ಹೈಡ್ರಾಮ್ಯಾಟಿಕ್ ಎಂಬ ಸ್ವಯಂಚಾಲಿತ ಗೇರುಪೆಟ್ಟಿಗೆಯಲ್ಲಿ ವಿದ್ಯುತ್ತಿನ ಸಂಬಂಧವೇ ಇರಲಿಲ್ಲ. ಚಕ್ರಗಳ ಕಡೆಗಿನ ಹೊರದಂಡದೊಡನೆ ತಿರುಗುವ ಗವರ್ನರಿನ ತೂಕಗಳು ವೇಗ ಹೆಚ್ಚಿದಂತೆಲ್ಲ ಕೇಂದ್ರಾಪಗಾಮಿ ಬಲದಿಂದ ಹೊರಕ್ಕೆ ಸರಿದು, ಎಣ್ಣೆಯ ಒತ್ತಡವನ್ನು ಏರಿಸಿ, ಆ ಒತ್ತಡದಿಂದಲೇ ಮುಂದಿನ ಗೇರು ಬೀಳುವಂತೆ ಮಾಡುತ್ತಿದ್ದುವು. ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ಗಣಕವು ಗೇರುಪೆಟ್ಟಿಗೆಯ ಅಧಿಕಾರವನ್ನು ವಹಿಸಿಕೊಳ್ಳತೊಡಗಿದ ಮೇಲೆ, ತೂಕಗಳ ಸ್ಥಾನಕ್ಕೆ ವಿದ್ಯುತ್ಸ್ಪಂದಗಳು ಬಂದುವು.

ಈ ಸ್ಪಂದಗಳನ್ನು ಹುಟ್ಟಿಸುವ ಸಂವೇದಕಗಳಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು, ಮತ್ತು ಇವುಗಳ ಭೇದವನ್ನರಿಯದೆ ಪರೀಕ್ಷೆಗೆ ಕೈಹಾಕುವುದು ವ್ಯರ್ಥ. ಮೊದಲನೆಯದು ಫ್ಯಾರಡೆ 1831ರಲ್ಲಿ ಕಂಡ ವಿದ್ಯುತ್ಪ್ರೇರಣೆಯ ತತ್ತ್ವವನ್ನು ಆಶ್ರಯಿಸಿದೆ: ಅಯಸ್ಕಾಂತದ ಸುತ್ತ ತಂತಿಯ ಸುರುಳಿ, ಅದರೆದುರು ತಿರುಗುವ ಹಲ್ಲುಚಕ್ರ, ಪ್ರತಿಯೊಂದು ಹಲ್ಲು ಹಾದುಹೋದಾಗಲೂ ಸುರುಳಿಯಲ್ಲಿ ಒಂದು ಕಿರಿಯ ವಿದ್ಯುದಲೆ ಏಳುತ್ತದೆ. ಇದಕ್ಕೆ ಎರಡೇ ತಂತಿಗಳು. ಹೊರಗಿನ ವಿದ್ಯುತ್ತು ಬೇಡ. ಆದರೆ ವೇಗ ತಗ್ಗಿದಂತೆ ಅಲೆಯೂ ಕ್ಷೀಣಿಸುತ್ತದೆ. ಎರಡನೆಯದು ಅಮೆರಿಕದ ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮವನ್ನು ಬಳಸಿಕೊಳ್ಳುವ ಹಾಲ್ ಸಂವೇದಕ. ಇದಕ್ಕೆ ಸಾಮಾನ್ಯವಾಗಿ ಮೂರು ತಂತಿಗಳು: ವಿದ್ಯುತ್ತನ್ನು ತರುವುದೊಂದು, ಅರ್ತ್ ಒಂದು, ಸಂಕೇತವನ್ನು ಒಯ್ಯುವುದೊಂದು. ಅಲೆಯ ಏರಿಳಿತವಿಲ್ಲದೆ, ಇದೆ ಇಲ್ಲ ಎಂಬ ಚೌಕನೆಯ ಸ್ಪಂದಗಳನ್ನು ಇದು ಕೊಡುತ್ತದೆ, ಗಾಡಿ ತೆವಳುತ್ತಿದ್ದರೂ ಕೊಡುತ್ತದೆ. ಅನೇಕ ಜಪಾನೀ ಕಾರುಗಳು ಅನುಸರಿಸಿದ ಕ್ರಮದಲ್ಲಿ ಸಂವೇದಕದ ದಂಡವು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ 637 ಸುತ್ತು ತಿರುಗಿ, ಸುತ್ತಿಗೆ ನಾಲ್ಕರಂತೆ, ಒಂದು ಕಿಲೋಮೀಟರಿಗೆ 2548 ಸ್ಪಂದಗಳನ್ನು ಕಳುಹಿಸುತ್ತದೆ. ಗಣಕವು ಮಾಡುವುದು ಈ ಸ್ಪಂದಗಳನ್ನು ಎಣಿಸುವ ಕೆಲಸವನ್ನೇ.

ಆಕ್ಸಿಲರೇಟರನ್ನು ಎಷ್ಟು ಒತ್ತಿದೆ, ಗಾಡಿ ಎಷ್ಟು ವೇಗದಲ್ಲಿದೆ ಎಂಬ ಎರಡು ಪ್ರಶ್ನೆಗಳ ಉತ್ತರವೇ ಗೇರು ಬದಲಾವಣೆಗೆ ಮೂಲಾಧಾರವಾಗಿರುವುದರಿಂದ, ಎರಡನೆಯ ಉತ್ತರ ಬಾರದಿದ್ದಾಗ ಗಣಕವು ಗೊಂದಲಕ್ಕೀಡಾಗುವುದು ಸಹಜ. ಇಂಜಿನ್ನು ಮೂರು ಸಾವಿರ ಸುತ್ತಿನಲ್ಲಿದೆ, ಗೇರುಪೆಟ್ಟಿಗೆಯ ಒಳದಂಡ ತಿರುಗುತ್ತಿದೆ, ಆದರೆ ಗಾಡಿ ಮಾತ್ರ ನಿಂತಿದೆಯೆಂಬ ವರದಿ ಬಂದರೆ, ಅದು ಅಸಂಭವವೆಂದು ಕಂಡುಕೊಂಡ ಗಣಕವು ಒಂದೇ ಗೇರಿಗೆ ಅಂಟಿಕೊಂಡು, ಕ್ಲಚ್ಚುಗಳು ಜಾರದಂತೆ ಎಣ್ಣೆಯ ಒತ್ತಡವನ್ನು ಪೂರ್ಣವಾಗಿ ಏರಿಸಿ, ಗಾಡಿಯನ್ನು ಹೇಗಾದರೂ ಗ್ಯಾರೇಜು ಮುಟ್ಟಿಸುವ ರಕ್ಷಣಾಸ್ಥಿತಿಗೆ ಇಳಿಯುತ್ತದೆ. ಇದನ್ನು ಮೆಕ್ಯಾನಿಕ್ಕುಗಳು ಲಿಂಪ್ ಮೋಡ್ ಎನ್ನುತ್ತಾರೆ. ಆಗ ಗೇರು ಬೀಳುವಾಗ ಬೆನ್ನಿಗೆ ಗುದ್ದಿದಂತಾಗುತ್ತದೆ. ಮೇಲಿನ ಗೇರು ಬರುವುದಿಲ್ಲ. ಟಾರ್ಕ್ ಕನ್ವರ್ಟರಿನ ಬಿಗಿಕ್ಲಚ್ಚು ಕೂಡಿಕೊಳ್ಳದೆ ಎಣ್ಣೆ ಕಾಯುತ್ತದೆ, ಪೆಟ್ರೋಲು ವ್ಯಯವಾಗುತ್ತದೆ. ಕ್ರೂಸ್ ಕಂಟ್ರೋಲ್ ಕೆಲಸಮಾಡುವುದಿಲ್ಲ. ಸ್ಪೀಡೋಮೀಟರಿನ ಸೂಜಿ ಸತ್ತು ಬಿದ್ದಿರುತ್ತದೆ, ಇಲ್ಲವೆ ನಡುಗುತ್ತಿರುತ್ತದೆ. ಹಳೆಯ ಹೋಂಡಾ ಕಾರುಗಳಲ್ಲಿ ಡಿ4 ದೀಪವೂ, ಟೊಯೋಟಾಗಳಲ್ಲಿ ಓವರ್‌ಡ್ರೈವಿನ ದೀಪವೂ ಮಿಣುಕತೊಡಗುತ್ತವೆ.

ಇಲ್ಲಿಯೇ ಎಚ್ಚರ ಬೇಕಾದುದು. ಪರ್ವತದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಅನುಮಾನವನ್ನು ವಿವರಿಸಿದ ನಮ್ಮ ನೈಯಾಯಿಕರು, ಮಂಜನ್ನೋ ಧೂಳನ್ನೋ ಹೊಗೆಯೆಂದು ಭ್ರಮಿಸಿದವನ ಅನುಮಾನವು ಮೂಲದಲ್ಲಿಯೇ ಕೆಟ್ಟುಹೋಗುತ್ತದೆಂಬುದನ್ನೂ ಒಡನೆಯೇ ತಿಳಿಸಿದ್ದಾರೆ. ಗೇರು ಗುದ್ದಿತೆಂಬ ಒಂದೇ ಹೇತುವಿನಿಂದ ಗೇರುಪೆಟ್ಟಿಗೆ ಸವೆದಿದೆಯೆಂದು ಸಾಧಿಸಹೊರಟವನದೂ ಇಂತಹ ಅನುಮಾನವೇ. ಒಂದು ಲೆಕ್ಕವನ್ನು ನೋಡಿರಿ. ಒಳದಂಡದ ಸುತ್ತುಗಳನ್ನು ಹೊರದಂಡದ ಸುತ್ತುಗಳಿಂದ ಭಾಗಿಸಿ, ಆ ಗೇರಿಗೆ ಇರಬೇಕಾದ ಅನುಪಾತ ಬಂದಿತೇ ಎಂದು ಗಣಕವು ಸದಾ ಪರೀಕ್ಷಿಸುತ್ತಿರುತ್ತದೆ. ನೇರವಾಗಿ ಒಂದಕ್ಕೊಂದರಂತೆ ತಿರುಗುವ ಮೂರನೆಯ ಗೇರಿನಲ್ಲಿ ಒಳದಂಡ 3000 ಸುತ್ತು ತಿರುಗಿದರೆ ಹೊರದಂಡವೂ 3000 ಸುತ್ತು ತಿರುಗಬೇಕು. ಆದರೆ ಸಂವೇದಕವು ಪ್ರತಿ ಐದನೆಯ ಸ್ಪಂದವನ್ನು ನುಂಗಿಬಿಟ್ಟರೆ ಗಣಕಕ್ಕೆ ಕಾಣುವುದು 2400 ಮಾತ್ರ, ಅನುಪಾತವು 1.25. ಕ್ಲಚ್ಚು ಜಾರುತ್ತಿದೆಯೆಂದು ಗಣಕವು ದೋಷವನ್ನು ಬರೆದಿಡುತ್ತದೆ. ಕ್ಲಚ್ಚಾದರೋ ಸ್ವಸ್ಥವಾಗಿದೆ! ಇಂತಹ ಸಂದರ್ಭದಲ್ಲಿ ಪೆಟ್ಟಿಗೆಯನ್ನು ಬಿಚ್ಚಿ, ಪ್ಲೇಟುಗಳನ್ನು ಹೊಸದಾಗಿ ಹಾಕಿ, ಪುನಃ ಜೋಡಿಸಿದರೂ ದೋಷವು ಹಾಗೆಯೇ ಉಳಿದಿರುತ್ತದೆ.

ಆದಕಾರಣ ಪರೀಕ್ಷೆಯು ಹೊರಗಿನಿಂದ ಒಳಕ್ಕೆ, ಸುಲಭದಿಂದ ಕಠಿನಕ್ಕೆ ಸಾಗಬೇಕು. ಗ್ಯಾರೇಜಿಗೆ ಹೋಗುವುದಕ್ಕೆ ಮುಂಚೆಯೇ ಒಡೆಯನು ಗಮನಿಸಬೇಕಾದುದು ಬಹಳವಿದೆ: ತೊಂದರೆಯು ಇಂಜಿನ್ನು ಕಾದ ಮೇಲೆ ಬರುತ್ತದೆಯೇ, ತಣ್ಣಗಿದ್ದಾಗಲೇ, ಮಳೆಯಲ್ಲಿ ನೀರು ಹಾಯ್ದ ಮೇಲೆಯೇ, ಹಳ್ಳದಿಣ್ಣೆಗಳಲ್ಲಿ ಕುಲುಕಿದಾಗಲೇ, ಸೂಜಿ ಒಮ್ಮೆಲೇ ಸೊನ್ನೆಗೆ ಬೀಳುತ್ತದೆಯೇ, ತತ್ತರಿಸುತ್ತದೆಯೇ. ಕಾದ ಮೇಲೆ ಕೆಡುವುದು ಸಂವೇದಕದ ಒಳಗಣ ದೋಷವನ್ನೂ, ಕುಲುಕಿದಾಗ ಕೆಡುವುದು ಸಡಿಲವಾದ ತಂತಿಯನ್ನೂ ಸೂಚಿಸುವುದು ಸಾಮಾನ್ಯ. ಇಷ್ಟನ್ನು ಹೇಳಬಲ್ಲ ಗ್ರಾಹಕನು ಮೆಕ್ಯಾನಿಕ್ಕಿಗೆ ಅರ್ಧ ಕೆಲಸವನ್ನು ಉಳಿಸಿಕೊಟ್ಟಂತೆ.

ಅನಂತರ ಸ್ಕ್ಯಾನರು. ಅಮೆರಿಕದಲ್ಲಿ 1996ರ ಮಾದರಿಗಳಿಂದ ಕಡ್ಡಾಯವಾದ ಓಬಿಡಿ-2 ವ್ಯವಸ್ಥೆಯು ನಮ್ಮಲ್ಲಿಯೂ ಬಿಎಸ್-4ರ ಕಾಲದಲ್ಲಿ ಜಾರಿಗೆ ಬಂದುದರಿಂದ, ಆ ಬಳಿಕದ ಕಾರುಗಳಲ್ಲಿ ಸ್ಟಿಯರಿಂಗಿನ ಕೆಳಗಣ ಕಿಂಡಿಗೆ ಸ್ಕ್ಯಾನರನ್ನು ತಗುಲಿಸಿದರೆ ಗಣಕವು ತಾನು ಬರೆದಿಟ್ಟ ದೋಷಸಂಖ್ಯೆಗಳನ್ನು ಓದಿ ಹೇಳುತ್ತದೆ. ಪಿ0500 ಎಂದರೆ ವೇಗಸಂವೇದಕದ ದೋಷ; ಪಿ0501 ಎಂದರೆ ಸಂಕೇತವು ಯುಕ್ತಮಿತಿಯಲ್ಲಿಲ್ಲ; ಪಿ0503 ಎಂದರೆ ಬಿಟ್ಟು ಬಿಟ್ಟು ಬರುತ್ತಿದೆ; ಪಿ0720 ಎಂದರೆ ಗೇರುಪೆಟ್ಟಿಗೆಯ ಹೊರದಂಡದ ಸಂವೇದಕದ ಮಂಡಲದಲ್ಲಿ ದೋಷ. ಮಂಡಲ ಎಂಬ ಮಾತನ್ನು ಓದುಗರು ವಿಶೇಷವಾಗಿ ಲಕ್ಷಿಸಬೇಕು. ಸಂಖ್ಯೆಯು ಸೂಚಿಸುವುದು ಚಕ್ರದಿಂದ ಗಣಕದವರೆಗಿನ ಸಂದೇಶಮಾರ್ಗವನ್ನು. ಆ ಮಾರ್ಗದಲ್ಲಿ ಹಲ್ಲುಚಕ್ರವಿದೆ, ಸಂವೇದಕವಿದೆ, ಕನೆಕ್ಟರ್ ಇದೆ, ಗಜಗಟ್ಟಲೆ ತಂತಿಯಿದೆ, ಕೊನೆಗೆ ಗಣಕವೂ ಇದೆ. ಸಂಖ್ಯೆಯನ್ನು ಓದಿದ ಕೂಡಲೆ ಹೊಸ ಸಂವೇದಕವನ್ನು ತರಿಸುವವನು ಪರೀಕ್ಷೆ ಮಾಡಿದವನಲ್ಲ, ಊಹೆ ಮಾಡಿದವನು. ಸಂಖ್ಯೆಗಿಂತ ಹೆಚ್ಚಾಗಿ ಉಪಯೋಗಕ್ಕೆ ಬರುವುದು ಗಾಡಿ ಓಡುತ್ತಿರುವಾಗಲೇ ಸ್ಕ್ಯಾನರು ತೋರುವ ಪ್ರತ್ಯಕ್ಷ ಅಂಕಿಗಳು. ಮೊಬೈಲಿನ ಜಿಪಿಎಸ್ ವೇಗವನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿದಾಗ, ಗಣಕಕ್ಕೆ ವೇಗ ಸರಿಯಾಗಿ ತಿಳಿಯುತ್ತಿದ್ದು ಸೂಜಿ ಮಾತ್ರ ನಿಂತಿದ್ದರೆ ದೋಷವು ಡ್ಯಾಶ್‌ಬೋರ್ಡಿನ ಮೀಟರಿನಲ್ಲಿ; ಎರಡೂ ಸೊನ್ನೆಯಾದರೆ ಕೆಳಗಣ ಮಾರ್ಗದಲ್ಲಿ. ಹಳೆಯ ಕೆಲವು ಟೊಯೋಟಾ ಗೇರುಪೆಟ್ಟಿಗೆಗಳಲ್ಲಿ ಎರಡು ವೇಗಸಂವೇದಕಗಳಿದ್ದು, ಮುಖ್ಯವಾದುದು ಸೋತಾಗ ಸ್ಪೀಡೋಮೀಟರಿನದನ್ನೇ ಗಣಕವು ಆಧಾರವಾಗಿ ಹಿಡಿಯುತ್ತಿತ್ತು. ಆದುದರಿಂದ ಸೂಜಿ ಓಡುತ್ತಿರುವುದು ಗೇರಿನ ಸಂವೇದಕದ ಆರೋಗ್ಯಕ್ಕೆ ಸಾಕ್ಷಿಯಾಗಲಾರದು.

ಇನ್ನು ಕಣ್ಣಿನ ಪರೀಕ್ಷೆ. ಕನೆಕ್ಟರನ್ನು ಬಿಡಿಸಿ ನೋಡಿದರೆ ಪಿನ್ನುಗಳ ಮೇಲೆ ಹಸಿರು ಕಿಲುಬು, ಒಳಗೆ ಸೋರಿ ನಿಂತ ಗೇರೆಣ್ಣೆ, ಮುರಿದ ಬೀಗನಾಲಗೆ, ಎಷ್ಟೋ ವೇಳೆ ಇಲಿ ಕಡಿದ ತಂತಿ ಕಾಣುತ್ತವೆ. ನಮ್ಮ ನಗರಗಳ ನೆಲಮಾಳಿಗೆಗಳಲ್ಲಿ ದಿನಗಟ್ಟಲೆ ನಿಂತ ಕಾರುಗಳಿಗೆ ಈ ಇಲಿಯ ಉಪದ್ರವ ಬಲು ದೊಡ್ಡದು. ಅದನ್ನು ಮೊದಲು ನೋಡದೆ ಮುಂದುವರಿಯಬಾರದು. ಸಂವೇದಕವನ್ನು ಕಳಚಿದಾಗ ಅದರ ಅಯಸ್ಕಾಂತದ ತುದಿಗೆ ಕಬ್ಬಿಣದ ಪುಡಿ ಮೆತ್ತಿಕೊಂಡಿದ್ದರೆ ಸಂಕೇತವು ಕಲುಷಿತವಾಗುತ್ತದೆ. ಸ್ವಲ್ಪ ಪುಡಿಯನ್ನು ಒರೆಸಿ ಪುನಃ ಕೂಡಿಸಬಹುದು. ಆದರೆ ಚೂರುಗಳೇ ಸಿಕ್ಕಿದರೆ ಗೇರುಪೆಟ್ಟಿಗೆಯೊಳಗೆ ನಿಜವಾಗಿಯೇ ಏನೋ ಸವೆಯುತ್ತಿದೆಯೆಂದು ತಿಳಿಯಬೇಕು. ಪ್ಲಾಸ್ಟಿಕ್ಕಿನ ಪುಟ್ಟ ಹಲ್ಲುಚಕ್ರದಿಂದ ನಡೆಯುವ ಸಂವೇದಕಗಳಲ್ಲಿ ಆ ಹಲ್ಲುಗಳು ಸವೆದಿರುವುದುಂಟು. ಆಗ ಸಂವೇದಕವು ನಿರ್ದೋಷಿ.

ಕೊನೆಯದಾಗಿ ಅಳತೆ. ಮೂರು ತಂತಿಯ ಸಂವೇದಕವಾದರೆ, ಇಗ್ನಿಶನ್ ತೆರೆದು ಮಲ್ಟಿಮೀಟರಿನಿಂದ ಮೊದಲು ವಿದ್ಯುತ್ತು ಬರುತ್ತಿದೆಯೇ ಎಂದು ನೋಡುವುದು: ಕೆಲವು ಕಾರುಗಳಲ್ಲಿ ಅದು ಬ್ಯಾಟರಿಯ 12 ವೋಲ್ಟು, ಕೆಲವುಗಳಲ್ಲಿ ಗಣಕವು ಕೊಡುವ 5 ವೋಲ್ಟು. ಬಾರದಿದ್ದರೆ ಫ್ಯೂಸನ್ನೂ ತಂತಿಯನ್ನೂ ಹುಡುಕಬೇಕು, ಸಂವೇದಕವನ್ನಲ್ಲ. ಬಳಿಕ ಅರ್ತ್. ಅದಾದ ಮೇಲೆ ಸಂಕೇತದ ತಂತಿ: ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಮುಂದಿನ ಒಂದು ಚಕ್ರವನ್ನು ಜಾಕಿಯಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಎತ್ತಿದ ಚಕ್ರವನ್ನು ಕೈಯಿಂದ ಮೆಲ್ಲನೆ ತಿರುಗಿಸಿದಾಗ, ಮೀಟರಿನ ಅಂಕಿಯು 0 ಮತ್ತು 5 ವೋಲ್ಟುಗಳ ನಡುವೆ ಹಾರಬೇಕು. ಮೇಲೆ ಹೇಳಿದ ಜಪಾನೀ ಕ್ರಮದಲ್ಲಿ, ಇನ್ನೊಂದು ಚಕ್ರ ನೆಲದ ಮೇಲೆ ನಿಶ್ಚಲವಾಗಿರುವುದರಿಂದ ಡಿಫರೆನ್ಷಿಯಲ್ ಅರ್ಧ ಸುತ್ತಷ್ಟೆ ತಿರುಗಿ, ಚಕ್ರದ ಒಂದು ಪೂರ್ಣ ಸುತ್ತಿಗೆ ಸುಮಾರು ಎರಡು ಸ್ಪಂದಗಳು ಬರುತ್ತವೆ. ಅವಸರದಿಂದ ತಿರುಗಿಸಿದವನಿಗೆ ಅವು ತಪ್ಪಿಹೋಗುತ್ತವೆ. ಎರಡು ತಂತಿಯ ಸಂವೇದಕದಲ್ಲಾದರೆ ಸುರುಳಿಯ ರೋಧವನ್ನು ಅಳೆದು ಆ ಕಾರಿನ ಕೈಪಿಡಿಯ ಅಂಕಿಯೊಡನೆ ಹೋಲಿಸಬೇಕು. ಮೀಟರು ಅನಂತವನ್ನು ತೋರಿದರೆ ಸುರುಳಿ ತುಂಡಾಗಿದೆ. ರೋಧವು ಸರಿಯಿದ್ದೂ ಸಂಕೇತ ದುರ್ಬಲವಾಗಿರಬಹುದಾದ್ದರಿಂದ, ಗಾಡಿಯನ್ನು ಲಿಫ್ಟಿನ ಮೇಲೆ ಓಡಿಸಿ ಎಸಿ ವೋಲ್ಟು ವೇಗದೊಡನೆ ಏರುತ್ತದೆಯೇ ಎಂಬುದನ್ನೂ ನೋಡಬೇಕು. ಈ ಪರೀಕ್ಷೆ ಗ್ಯಾರೇಜಿನವರಿಗೇ ಮೀಸಲು. ತಿರುಗುವ ಚಕ್ರದ ಬಳಿ ಮನೆಯವರು ಹೋಗಕೂಡದು.

ಹೊಸ ಕಾರುಗಳ ವಿಷಯ ಸ್ವಲ್ಪ ಬೇರೆ. ಎಬಿಎಸ್ ಬ್ರೇಕಿಗಾಗಿ ನಾಲ್ಕು ಚಕ್ರಗಳಲ್ಲಿಯೂ ಸಂವೇದಕಗಳಿರುವುದರಿಂದ ಅನೇಕ ತಯಾರಕರು ಅವುಗಳಿಂದಲೇ ಗಾಡಿಯ ವೇಗವನ್ನು ಲೆಕ್ಕಹಾಕುತ್ತಾರೆ. ಗೇರುಪೆಟ್ಟಿಗೆಯ ಮೇಲೆ ಪ್ರತ್ಯೇಕವಾದ ವೇಗಸಂವೇದಕವೇ ಇರದಿರಬಹುದು. ಇಂತಹ ಕಾರಿಗೆ ಸ್ಪೀಡ್ ಸೆನ್ಸರ್ ಬೇಕೆಂದು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳನ್ನು ಸುತ್ತುವುದರಲ್ಲಿ ಅರ್ಥವಿಲ್ಲ. ಸ್ಪೀಡೋಮೀಟರಿನೊಡನೆ ಎಬಿಎಸ್ ದೀಪವೂ ಹೊತ್ತಿಕೊಂಡರೆ ಮೊದಲು ಚಕ್ರಗಳ ಕಡೆ ನೋಡಬೇಕು.

ದೋಷ ಸಿಕ್ಕಿ, ತಂತಿಯೋ ಸಂವೇದಕವೋ ಸರಿಯಾದ ಮೇಲೆ, ದೋಷಸಂಖ್ಯೆಯನ್ನು ಅಳಿಸಿ, ಎಲ್ಲ ಗೇರುಗಳೂ ಬೀಳುವಷ್ಟು ದೂರ ಗಾಡಿಯನ್ನು ಓಡಿಸಿ, ಸಂಖ್ಯೆ ಮರಳಿ ಬಾರದೆಂಬುದನ್ನು ಖಚಿತಪಡಿಸಿಕೊಂಡೇ ಹಣ ಕೊಡಬೇಕು. ಅನೇಕ ಕಾರುಗಳಲ್ಲಿ ಸೂಜಿ ನಿಂತ ದಿನಗಳಲ್ಲಿ ಓಡೋಮೀಟರೂ ನಿಂತಿರುತ್ತದೆ. ಹಾಗಾಗಿದ್ದರೆ ಆ ಅವಧಿಯಲ್ಲಿ ಗಾಡಿ ಓಡಿದ ದೂರವನ್ನು ಅಂದಾಜು ಮಾಡಿ ಸರ್ವಿಸ್ ಪುಸ್ತಕದಲ್ಲಿ ದಿನಾಂಕಸಹಿತ ಬರೆದಿಟ್ಟು, ಇಂಜಿನ್ನಿನ ಮತ್ತು ಗೇರುಪೆಟ್ಟಿಗೆಯ ಎಣ್ಣೆ ಬದಲಾಯಿಸುವ ಗಡುವನ್ನು ಅಷ್ಟರಮಟ್ಟಿಗೆ ಮುಂಚಿತವಾಗಿಯೇ ಪಾಲಿಸಬೇಕು. ಮುಂದೆ ಕಾರನ್ನು ಮಾರುವಾಗ ಕೊಳ್ಳುವವರಿಗೂ ಆ ಪುಟವನ್ನು ತೋರಿಸಬೇಕು.