ಆರ್‌ಪಿಎಂ ಮೀಟರ್ ಎಣಿಸುವುದು ಏನನ್ನು?

ಬೋಧನಾಭ್ಯಾಸದ ಎರಡನೆಯ ವಾರ. ಒಂಬತ್ತನೆಯ ತರಗತಿಗೆ 'ಶಬ್ದ' ಅಧ್ಯಾಯದಲ್ಲಿ ಆವೃತ್ತಿಯನ್ನು ಪಾಠ ಮಾಡಬೇಕಿತ್ತು. ಮಕ್ಕಳಿಗೆ ಪರಿಚಿತವಾದ ಉದಾಹರಣೆ ಇರಲೆಂದು ಬೈಕಿನ ಆರ್‌ಪಿಎಂ ಮೀಟರನ್ನು ಆರಿಸಿಕೊಂಡೆ. ನಿಮಿಷಕ್ಕೆ 6000 ಸುತ್ತು ಎಂದರೆ ಸೆಕೆಂಡಿಗೆ 100, ಅಂದರೆ 100 ಹರ್ಟ್ಸ್. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾಲ್ಕು ಸ್ಟ್ರೋಕ್ ಎಂಜಿನ್ನಿನಲ್ಲಿ ಎರಡು ಸುತ್ತಿಗೆ ಒಂದೇ ಕಿಡಿ, ಆದ್ದರಿಂದ ಕಿಡಿಯ ಆವೃತ್ತಿ 50 ಹರ್ಟ್ಸ್ ಎಂದೂ ಕಪ್ಪುಹಲಗೆಯ ಮೇಲೆ ಬರೆದೆ.

ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಮಿಸ್, ನಮ್ಮ ಮಾವನ ಗ್ಯಾರೇಜಲ್ಲಿ ಮೀಟರ್ ಹಾಕುವಾಗ ಒಂದು ಸುತ್ತಿಗೆ ಒಂದು ಕಿಡಿ ಅಂತಲೇ ಸೆಟ್ ಮಾಡ್ತಾರೆ."

"ಅದು ಟೂ ಸ್ಟ್ರೋಕ್ ಗಾಡಿಗೆ. ಕೂತ್ಕೋ" ಎಂದೆ. ಅವನು ಕುಳಿತ. ಅವಲೋಕನಕ್ಕೆ ಬಂದಿದ್ದ ಸಹಪಾಠಿ 'ತರಗತಿ ನಿಯಂತ್ರಣ ಉತ್ತಮ' ಎಂದು ಬರೆದಳು.

ಅದೇ ಭಾನುವಾರ ನನ್ನ ದೊಡ್ಡಪ್ಪನ ಮಗ ಡರ್ಟ್ ಟ್ರ್ಯಾಕ್ ಸ್ಪರ್ಧೆಗೆಂದು ಸಿದ್ಧಪಡಿಸುತ್ತಿದ್ದ 150 ಸಿಸಿಯ ನಾಲ್ಕು ಸ್ಟ್ರೋಕ್ ಬೈಕಿಗೆ ಹೊರಗಿನಿಂದ ತಂದ ಮೀಟರ್ ಕೂರಿಸುತ್ತಿದ್ದ. ಭಾರ ಕಡಿಮೆಯಾಗಲೆಂದು ಕಂಪನಿಯ ಮೀಟರ್ ಸೆಟ್ಟನ್ನು ಪೂರ್ತಿ ಬಿಚ್ಚಿ ಹಾಕಿದ್ದ. ನಾನೂ ಕೈಜೋಡಿಸಿದೆ. ಸೆಟಿಂಗ್ ಕೇಳಿದಾಗ ಪುಸ್ತಕದ ಜ್ಞಾನದ ಮೇಲೆ 'ಎರಡು ಸುತ್ತಿಗೆ ಒಂದು' ಎಂಬುದನ್ನೇ ಆರಿಸಿದೆ. ಎಂಜಿನ್ ಸ್ಟಾರ್ಟ್ ಆಯಿತು. ಐಡಲ್‌ನಲ್ಲಿ ಸುಮಾರು 1400 ಇರಬೇಕಾದ ಬೈಕು 2800 ತೋರಿಸುತ್ತಿತ್ತು. ಅಣ್ಣ ಏನೂ ಹೇಳದೆ ಸೆಟಿಂಗ್ ಬದಲಿಸಿದ. ಮುಳ್ಳು 1400ಕ್ಕೆ ಇಳಿಯಿತು.

ಕಾರಣ ಹುಡುಕಿದರೆ ಸರಳವಾಗಿಯೇ ಇದೆ. ಕಿಡಿ ಯಾವಾಗ ಹಾರಬೇಕೆಂದು ತಿಳಿಸುವ ಪಲ್ಸರ್ ಕಾಯಿಲ್ ಇರುವುದು ಕ್ರ್ಯಾಂಕಿಗೆ ಕೂಡಿಸಿದ ಮ್ಯಾಗ್ನೆಟ್ಟಿನ ಪಕ್ಕದಲ್ಲಿ. ನಾಲ್ಕು ಸ್ಟ್ರೋಕಿನ ಒಂದು ಚಕ್ರದಲ್ಲಿ ಪಿಸ್ಟನ್ ಎರಡು ಬಾರಿ ಮೇಲಕ್ಕೆ ಬರುತ್ತದೆ: ಒಮ್ಮೆ ಮಿಶ್ರಣವನ್ನು ಒತ್ತಲು, ಇನ್ನೊಮ್ಮೆ ಹೊಗೆಯನ್ನು ಹೊರಗೆ ತಳ್ಳಲು. ಇದು ಯಾವ ಸಲ ಎಂಬುದು ಕ್ರ್ಯಾಂಕಿಗೆ ಗೊತ್ತಾಗುವುದಿಲ್ಲ. ಅದು ಗೊತ್ತಿರುವುದು ಅರ್ಧ ವೇಗದಲ್ಲಿ ತಿರುಗುವ ಕ್ಯಾಮಿಗೆ. ಆದ್ದರಿಂದ ಅನೇಕ ಸಣ್ಣ ಬೈಕುಗಳಲ್ಲಿ ಪ್ರತಿ ಸುತ್ತಿಗೂ ಕಿಡಿ ಹಾರುತ್ತದೆ, ಎರಡರಲ್ಲಿ ಒಂದು ಹೊಗೆಯಲ್ಲಿ ಹಾರಿ ವ್ಯರ್ಥವಾಗುತ್ತದೆ. ಅದರಿಂದ ಎಂಜಿನ್ನಿಗೆ ಹಾನಿಯಿಲ್ಲ, ತಯಾರಕರಿಗೆ ಇನ್ನೊಂದು ಸೆನ್ಸರಿನ ಖರ್ಚು ಉಳಿಯುತ್ತದೆ. ಇಂಧನ ಇಂಜೆಕ್ಷನ್ ಇರುವ ಕೆಲವು ಎಂಜಿನ್ನುಗಳಲ್ಲಿ ಪುಸ್ತಕದಲ್ಲಿ ಹೇಳಿದಂತೆ ಎರಡು ಸುತ್ತಿಗೆ ಒಂದೇ ಕಿಡಿ ಇರುವುದೂ ಉಂಟು. ಹಾಗಾಗಿ 'ನಾಲ್ಕು ಸ್ಟ್ರೋಕ್' ಎಂಬ ಹೆಸರು ನೋಡಿ ಸೆಟಿಂಗ್ ಇಡುವಂತಿಲ್ಲ.

ಮೀಟರ್ ಸುತ್ತನ್ನು ನೋಡುವುದೇ ಇಲ್ಲ. ಅದು ವಿದ್ಯುತ್ ಪಲ್ಸುಗಳನ್ನು ಎಣಿಸಿ, ಒಂದು ಸುತ್ತಿಗೆ ಇಷ್ಟು ಪಲ್ಸ್ ಎಂದು ನಾವು ಹೇಳಿದ್ದನ್ನು ನಂಬಿ ಭಾಗಿಸುತ್ತದೆ. ನಾವು ಹೇಳಿದ್ದು ತಪ್ಪಾದರೆ ಉತ್ತರವೂ ತಪ್ಪು. ದುಪ್ಪಟ್ಟು ತೋರಿಸಿದರೆ ಸವಾರ ಬೇಗನೆ ಗೇರ್ ಬದಲಿಸಿ ಹಿಂದುಳಿಯುತ್ತಾನೆ, ಅಷ್ಟೇ. ಕಡಿಮೆ ತೋರಿಸಿದರೆ ಅಪಾಯ. ಕೇಬಲ್‌ನಿಂದ ನಡೆಯುವ ಹಳೆಯ ಮೀಟರುಗಳಲ್ಲಿ ಈ ತಪ್ಪು ಕಣ್ಣಿಗೆ ಬೀಳುವುದೂ ಕಷ್ಟ. ಅವುಗಳ ಮುಖದ ಮೇಲೆ 1:5, 1:7 ಎಂದು ಅನುಪಾತ ಅಚ್ಚಾಗಿರುತ್ತದೆ. ಎಂಜಿನ್ ಏಳು ಸುತ್ತಿದರೆ ಕೇಬಲ್ ಒಂದು ಸುತ್ತು ಎಂದು ಅರ್ಥ. 1:7ರ ಎಂಜಿನ್ನಿಗೆ 1:5ರ ಮೀಟರ್ ಹಾಕಿದರೆ 7000 ಸುತ್ತುವಾಗ 5000 ಎನ್ನುತ್ತದೆ. ಮುಳ್ಳು ನಯವಾಗಿ ಏರಿಳಿಯುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಆ ಅಪಾಯ ಎಷ್ಟರದು? ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಯಮಹಾ ಆರ್‌ಎಕ್ಸ್ 100ನ್ನೇ ನೋಡೋಣ. ಅದರ ಸ್ಟ್ರೋಕ್ 50 ಮಿ.ಮೀ., ಗರಿಷ್ಠ ಶಕ್ತಿ ಬರುವುದು 7500 ಆರ್‌ಪಿಎಂ ಹೊತ್ತಿಗೆ. ಒಂದು ಸುತ್ತಿಗೆ ಪಿಸ್ಟನ್ ಮೇಲೆ ಕೆಳಗೆ ಸೇರಿ 0.1 ಮೀಟರ್ ಚಲಿಸುತ್ತದೆ. ಸೆಕೆಂಡಿಗೆ 125 ಸುತ್ತು, ಹಾಗಾಗಿ ಸರಾಸರಿ ವೇಗ ಸೆಕೆಂಡಿಗೆ 12.5 ಮೀಟರ್. ಅದನ್ನೇ 10,000ಕ್ಕೆ ಎಳೆದರೆ ವೇಗ 16.7 ಮೀಟರ್ ಆಗುತ್ತದೆ, ಆದರೆ ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಜಡತ್ವದ ಬಲ ಸುತ್ತಿನ ವೇಗದ ವರ್ಗಕ್ಕೆ ಅನುಗುಣವಾಗಿ ಸುಮಾರು 1.8 ಪಟ್ಟಾಗುತ್ತದೆ. ಈ ಲೆಕ್ಕವನ್ನು ಹತ್ತನೆಯ ತರಗತಿಯ ಮಕ್ಕಳೂ ಮಾಡಬಲ್ಲರು.

ಆಯ್ಕೆಯ ವಿಚಾರಕ್ಕೆ ಬಂದರೆ, ಅಂಗಡಿಯವರು ಮೊದಲು ತೋರಿಸುವುದು ಬಣ್ಣದ ದೀಪಗಳನ್ನು. ಮೊದಲು ಕೇಳಬೇಕಾದದ್ದು: ಪಲ್ಸ್ ಸೆಟಿಂಗ್ ಬದಲಿಸಲು ಬರುತ್ತದೆಯೇ, ಸಿಡಿಐ ಇಗ್ನಿಷನ್ನಿಗೆ ಒಗ್ಗುತ್ತದೆಯೇ? ಸಿಡಿಐನಿಂದ ಕಾಯಿಲಿಗೆ ಹೋಗುವ ವೈರಿನಲ್ಲಿ ನೂರಾರು ವೋಲ್ಟಿನ ಹೊಡೆತ ಇರುತ್ತದೆ. ಅದಕ್ಕೆಂದು ಮಾಡದ ಮೀಟರನ್ನು ನೇರ ಕೂಡಿಸಿದರೆ ಸುಟ್ಟುಹೋಗಬಹುದು. ಮುಳ್ಳೋ ಅಂಕಿಯೋ ಎಂಬ ಪ್ರಶ್ನೆಯಲ್ಲಿ ನಾನು ಮುಳ್ಳಿನ ಪಕ್ಷ. ಸವಾರನಿಗೆ ಅಂಕಿ ಓದಲು ಪುರುಸೊತ್ತಿಲ್ಲ, ಮುಳ್ಳಿನ ದಿಕ್ಕು ಕಣ್ಣಂಚಿನಲ್ಲೇ ಸಿಗುತ್ತದೆ. ರೇಸಿನವರು ಗೇರ್ ಬದಲಿಸುವ ಜಾಗ ಗಡಿಯಾರದ ಹನ್ನೆರಡರ ಕಡೆ ಬರುವಂತೆ ಇಡೀ ಡಯಲ್ಲನ್ನೇ ಓರೆಯಾಗಿ ತಿರುಗಿಸಿ ಕೂರಿಸುವುದು ಇದಕ್ಕೇ. ಆದರೆ ಮುಳ್ಳು ಮಂದವಾಗಿರಬಾರದು. ಎಂಜಿನ್ ಸೆಕೆಂಡಿಗೆ 4000ದಂತೆ ಏರುತ್ತಿದ್ದು ಮೀಟರ್ 0.2 ಸೆಕೆಂಡ್ ಹಿಂದಿದ್ದರೆ ನಾವು ಓದುತ್ತಿರುವುದು 800 ಕಡಿಮೆ.

ಜೋಡಣೆಯಲ್ಲಿ ಮೂರೇ ಮುಖ್ಯ ವೈರು. ಕೀ ತಿರುಗಿಸಿದಾಗ ಮಾತ್ರ ಬರುವ 12 ವೋಲ್ಟ್, ಫ್ಯೂಸಿನ ಮೂಲಕ, ಗಟ್ಟಿಯಾದ ಅರ್ತ್, ಮತ್ತು ಸಿಗ್ನಲ್. ಬ್ಯಾಟರಿಯನ್ನೇ ತೆಗೆದುಹಾಕಿದ ಬೈಕಾದರೆ ಮೀಟರಿಗೆಂದು ಸಣ್ಣ ಬ್ಯಾಟರಿ ಬೇಕಾಗುತ್ತದೆ. ಕೆಲವು ಮೀಟರುಗಳಲ್ಲಿ ಸಿಗ್ನಲ್ ವೈರನ್ನು ಪ್ಲಗ್ ವೈರಿನ ಸುತ್ತ ನಾಲ್ಕೈದು ಸುತ್ತು ಸುತ್ತಿದರೆ ಸಾಕು, ತಾಮ್ರಕ್ಕೆ ತಾಮ್ರ ತಾಗಬೇಕಿಲ್ಲ. ಸುತ್ತು ಹೆಚ್ಚಾದರೆ ಅಥವಾ ಪ್ಲಗ್ ಕ್ಯಾಪಿನಲ್ಲಿ ರೆಸಿಸ್ಟರ್ ಇಲ್ಲದಿದ್ದರೆ ಮುಳ್ಳು ಹುಚ್ಚುಹುಚ್ಚಾಗಿ ಕುಣಿಯಬಹುದು. ಕೆಳಗೆ ರಬ್ಬರ್ ಕೊಟ್ಟು ಕೂರಿಸಿ, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ವೈರು ಎಳೆಯುತ್ತಿಲ್ಲವೆಂದು ನೋಡಬೇಕು.

ಕೊನೆಗೆ, ಮೀಟರ್ ನಿಜ ಹೇಳುತ್ತಿದೆಯೇ ಎಂದು ಪರೀಕ್ಷಿಸಬೇಕಲ್ಲ. ಇಲ್ಲಿ ನನ್ನ ಪಾಠವೇ ಉಪಯೋಗಕ್ಕೆ ಬಂತು. ಕಿಡಿ ಪ್ರತಿ ಸುತ್ತಿಗೂ ಹಾರಿದರೂ ಮಿಶ್ರಣ ಉರಿಯುವುದು ಎರಡು ಸುತ್ತಿಗೊಮ್ಮೆ. ಸೈಲೆನ್ಸರಿನಿಂದ ಬರುವ ಶಬ್ದ ಉರಿಯುವುದನ್ನು ಮಾತ್ರ ಎಣಿಸುತ್ತದೆ. ಮೀಟರಿನ 6000ದಲ್ಲಿ ಎಂಜಿನ್ನನ್ನು ಹಿಡಿದು ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು, ಆವೃತ್ತಿ ತೋರಿಸುವ ಆ್ಯಪಿನಲ್ಲಿ ನೋಡಿದೆವು. ಗೆರೆಗಳು ಸುಮಾರು 50 ಹರ್ಟ್ಸ್ ಅಂತರದಲ್ಲಿ ಸಾಲಾಗಿ ನಿಂತಿದ್ದವು. 50ನ್ನು 120ರಿಂದ ಗುಣಿಸಿದರೆ 6000. ಕಪ್ಪುಹಲಗೆಯ ಮೇಲೆ ನಾನು ಕಿಡಿಯ ಮುಂದೆ ಬರೆದ 50 ಸೇರಬೇಕಾದದ್ದು ಸೈಲೆನ್ಸರಿನ ಮುಂದೆ.

ಸೋಮವಾರ ಧ್ವನಿಮುದ್ರಣವನ್ನು ತರಗತಿಗೆ ಒಯ್ದೆ. ಹಿಂದಿನ ದಿನದ ವಾಕ್ಯವನ್ನು ಮತ್ತೆ ಬರೆದು, ಆ ಹುಡುಗನನ್ನೇ ಕರೆದು ತಿದ್ದಲು ಹೇಳಿದೆ. ಅವನು 'ಕಿಡಿ' ಎಂಬುದನ್ನು ಅಳಿಸಿ 'ಉರಿಯುವುದು' ಎಂದು ಬರೆದು ಹೊರಟವನು, ಅರ್ಧದಾರಿಯಲ್ಲಿ ನಿಂತು ಕೇಳಿದ: "ಮಿಸ್, ಹಾಗಾದ್ರೆ ಟೂ ಸ್ಟ್ರೋಕ್ ಗಾಡಿ ಅಷ್ಟೇ ಆರ್‌ಪಿಎಂನಲ್ಲಿ ಬೇರೆ ಥರ ಕೂಗೋದು ಅದಕ್ಕೇನಾ?"

ಅವನು ಹೋಗಿ ಕುಳಿತುಕೊಳ್ಳುವುದರೊಳಗೆ ಮುಂದಿನ ಬೆಂಚಿನವರು ಲೆಕ್ಕ ಹಾಕಿದ್ದರು: 100 ಹರ್ಟ್ಸ್.